‘ಭ್ರಮೆ ಇರುವವರಿಗೆ ಭ್ರಮೆ ಕಡಿಮೆ’: ಈ ವಾಕ್ಯಕ್ಕೆ ಪದ ಬೇಕು, ತುರ್ತು

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಪೋಸ್ಟರ್ ಅಚ್ಚಿಗೆ ಹೋಗಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮನೋವಿಜ್ಞಾನದ ಪ್ರಾಧ್ಯಾಪಕರೊಬ್ಬರ ಸಂಶೋಧನೆಯನ್ನು ಜನರಿಗೆ ಪರಿಚಯಿಸುವ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅವರ ಕೆಲಸ ಎರಡು ಕಡೆಗಿದೆ. ಕಣ್ಣಿಗೆ ಬಿದ್ದದ್ದನ್ನು ಮಿದುಳು ಹೇಗೆ ಅರ್ಥ ಮಾಡಿಕೊಳ್ಳುತ್ತದೆ ಎಂಬುದು ಒಂದು. ಮಾನಸಿಕ ಕಾಯಿಲೆ ಇದ್ದು ಕೋರ್ಟು, ಜೈಲು ಅಂತ ಓಡಾಡಬೇಕಾಗಿ ಬಂದವರ ತಪಾಸಣೆ ಮತ್ತು ಆರೈಕೆ ಇನ್ನೊಂದು. ಅದನ್ನು ಫೊರೆನ್ಸಿಕ್ ಮೆಂಟಲ್ ಹೆಲ್ತ್ ಅನ್ನುತ್ತಾರೆ.

ತೊಡಕು ಇಲ್ಲಿದೆ. ಮುಖವಾಡವನ್ನು ತಿರುಗಿಸಿ ಒಳಮೈ ತೋರಿಸಿದರೆ ನಮಗೆ ತಗ್ಗು ಕಾಣುವುದಿಲ್ಲ. ಉಬ್ಬಿದ ಮುಖವೇ ಕಾಣುತ್ತದೆ. ಮುಖ ಅಂದಮೇಲೆ ಉಬ್ಬಿರಲೇಬೇಕು ಎಂದು ಮಿದುಳು ಮೊದಲೇ ತೀರ್ಮಾನ ಮಾಡಿರುತ್ತದೆ. ಇದು ಇಲ್ಯೂಷನ್. ಆದರೆ ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆ ಇರುವ ಅನೇಕರಿಗೆ ಹೀಗೆ ಆಗುವುದು ಕಡಿಮೆ. ಅವರಿಗೆ ತಗ್ಗು ತಗ್ಗಾಗಿಯೇ ಕಾಣುತ್ತದೆ. ಆ ಕಾಯಿಲೆಯ ಲಕ್ಷಣಗಳು ಹ್ಯಾಲುಸಿನೇಷನ್ (ಇಲ್ಲದ್ದು ಅನುಭವಕ್ಕೆ ಬರುವುದು) ಮತ್ತು ಡೆಲ್ಯೂಷನ್ (ಸುಳ್ಳನ್ನು ಗಟ್ಟಿಯಾಗಿ ನಂಬುವುದು). ನನ್ನ ನಿಘಂಟು ಇವೆರಡಕ್ಕೂ ಇಲ್ಯೂಷನ್ನಿಗೂ ‘ಭ್ರಮೆ, ಭ್ರಾಂತಿ’ ಕೊಡುತ್ತದೆ. ಅದನ್ನೇ ಹಿಡಿದು ಬರೆದರೆ ‘ಭ್ರಮೆ ಇರುವವರಿಗೆ ಭ್ರಮೆ ಆಗುವುದು ಕಡಿಮೆ’ ಎಂದಾಗುತ್ತದೆ. ಓದಿದವರು ಏನಂತ ತಿಳಿಯಬೇಕು? ಮೂರಕ್ಕೂ ಬೇರೆ ಬೇರೆ ಪದ ಬೇಕು. ಫೊರೆನ್ಸಿಕ್‌ಗೂ ಒಂದು ಹೇಳಿ.

ಮರು:

ದೃಷ್ಟಿಭ್ರಮೆ ಇದೆಯಲ್ಲ ಮೇಡಂ. ಶಾಲೆಯ ಪುಸ್ತಕದಲ್ಲೇ ಇದೆ. ಫೊರೆನ್ಸಿಕ್‌ಗೆ ವಿಧಿವಿಜ್ಞಾನ. ಇದಕ್ಕೆಲ್ಲ ಚರ್ಚೆ ಯಾಕೆ?

ಮರು:

ದೃಷ್ಟಿಭ್ರಮೆ ಅಂದರೆ ಇಲ್ಯೂಷನ್ನೋ, ಇಲ್ಲದ ಮನುಷ್ಯ ಎದುರಿಗೆ ಕಾಣಿಸುವುದೋ? ಎರಡೂ ದೃಷ್ಟಿಯೇ, ಎರಡೂ ಭ್ರಮೆಯೇ. ಮೇಡಂ ಕೇಳಿದ್ದೇ ಅದು. ಪ್ರಶ್ನೆ ಓದಿ ಉತ್ತರಿಸೋಣ.

ನನ್ನ ಸಲಹೆ ಇದು. ‘ಭ್ರಮ್’ ಧಾತುವಿಗೆ ಸುತ್ತು, ಅಲೆ ಎಂಬ ಅರ್ಥ. ಭ್ರಮಣ, ಪರಿಭ್ರಮಣ ಬಂದದ್ದು ಅದರಿಂದಲೇ. ಹ್ಯಾಲುಸಿನೇಷನ್ನಿನ ಹಿಂದಿರುವ ಲ್ಯಾಟಿನ್ ಕ್ರಿಯಾಪದಕ್ಕೂ ಮನಸ್ಸು ಅಲೆದಾಡುವುದು ಎಂದೇ ಅರ್ಥ. ಇಲ್ಯೂಷನ್, ಡೆಲ್ಯೂಷನ್ ಎರಡೂ ಬೇರೊಂದು ಲ್ಯಾಟಿನ್ ಧಾತುವಿನವು. ಅದರ ಅರ್ಥ ಆಡು, ಆಟ. ಆದ್ದರಿಂದ ಭ್ರಮೆಯನ್ನು ಹ್ಯಾಲುಸಿನೇಷನ್ನಿಗೆ ಮಾತ್ರ ಮೀಸಲಿಡಬೇಕು. ಉಳಿದೆರಡಕ್ಕೆ ಆಟದ ಅರ್ಥವಿರುವ ಪದ ಹುಡುಕಬೇಕು.

ಮರು:

ಧಾತು ಅರ್ಥವಲ್ಲ. ಮತಿಭ್ರಮಣೆ, ಬುದ್ಧಿಭ್ರಮಣೆ ಎಂದು ಪೂರ್ತಿ ಹುಚ್ಚಿಗೂ ಇದೇ ಧಾತು ಬಳಸಿದ್ದೇವೆ. ‘ಭ್ರಮನಿರಸನ’ ಅಂದಾಗ ಯಾರಿಗೂ ಹ್ಯಾಲುಸಿನೇಷನ್ ವಾಸಿಯಾಗಿರುವುದಿಲ್ಲ. ಒಂದೇ ಪದದ ಮೇಲೆ ಇಷ್ಟು ಹೊರೆ ಹೊರಿಸಿದ ಮೇಲೆ ಮೀಸಲಾತಿ ನಡೆಯುವುದಿಲ್ಲ.

ಸಂಸ್ಕೃತದ ಪದ ಬಿಡಿ. ಕನ್ನಡದಲ್ಲಿ ‘ಹುಸಿ’ ಇದೆ. ಹಳಗನ್ನಡದ ಪುಸಿ. ಇವತ್ತಿಗೂ ಜೀವಂತ. ಹುಸಿನೋಟ, ಹುಸಿಕಾಣ್ಕೆ, ಹುಸಿನಂಬಿಕೆ. ಮೂರು ಪದ, ಮೂರು ಅರ್ಥ. ಮಹಾಪ್ರಾಣದ ಕಾಟವೂ ಇಲ್ಲ. ‘ಭ್ರಮೆ’ಯ ಭ ಅನ್ನು ಬಾಯಿಬಿಟ್ಟು ಸರಿಯಾಗಿ ಹೇಳುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಹೇಳಿ.

ಮರು:

ಭ ಹೇಳಲು ಬಾರದಿದ್ದರೆ ಕಲಿಸಬೇಕು, ಕಿತ್ತುಹಾಕುವುದಲ್ಲ. ಇನ್ನು ಹುಸಿನೋಟಕ್ಕೂ ಹುಸಿಕಾಣ್ಕೆಗೂ ಏನು ವ್ಯತ್ಯಾಸ? ನಿಮಗೊಬ್ಬರಿಗೆ ಗೊತ್ತಿರುವ ವ್ಯತ್ಯಾಸ ಪೋಸ್ಟರ್ ಓದುವವರಿಗೆ ಹೇಗೆ ಗೊತ್ತಾಗಬೇಕು? ಹುಸಿಗ್ರಹಿಕೆ ಅನ್ನುವವರೂ ಇದ್ದಾರೆ. ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನ ಕಾಲದಿಂದ ಬೇಡ ಎಂದಿರುವುದು.

ಮರು:

ದಿನಗೂಲಿ ಅರಿಸಮಾಸ. ಮುಖಬೆಲೆ ಅರಿಸಮಾಸ. ಯಾರಾದರೂ ಬಿಟ್ಟಿದ್ದಾರಾ? ಹುಸಿಬಾಂಬ್ ಅಂತೂ ಕನ್ನಡ, ಇಂಗ್ಲಿಷ್ ಸೇರಿದ್ದು. ಪತ್ರಿಕೆಯಲ್ಲಿ ಓದಿದ ಕೂಡಲೇ ಎಲ್ಲರಿಗೂ ಅರ್ಥ ಆಗುತ್ತದೆ. ಸುಮ್ನೆ ಈ ನಿಯಮ ತರಬೇಡಿ.

ಇಲ್ಯೂಷನ್ನಿಗೆ ಕಣ್ಕಟ್ಟು ಹಾಕಿ, ಮುಗಿಯಿತು. ಕಣ್ + ಕಟ್ಟು. ಇದಕ್ಕಿಂತ ಒಳ್ಳೆಯ ಪದ ಸಿಗಲ್ಲ.

ಮರು:

ಕಣ್ಕಟ್ಟು ಅಂದರೆ ಕಟ್ಟುವವನೊಬ್ಬ ಇರಬೇಕು. ಅದು ಜಾದೂಗಾರನ ಪದ. ಎರಡು ಸಮನಾದ ಗೆರೆ ಬರೆದು, ಒಂದರ ತುದಿಗಳಲ್ಲಿ ಬಾಣದ ರೆಕ್ಕೆ ಒಳಮುಖವಾಗಿ, ಇನ್ನೊಂದರಲ್ಲಿ ಹೊರಮುಖವಾಗಿ ಎಳೆದರೆ ಒಂದು ಉದ್ದ, ಒಂದು ಗಿಡ್ಡ ಕಾಣುತ್ತದೆ. ಮ್ಯೂಲರ್-ಲೈಯರ್ 1889ರಲ್ಲೇ ತೋರಿಸಿದ್ದು. ಇಲ್ಲಿ ಯಾರೂ ಮೋಸ ಮಾಡುತ್ತಿಲ್ಲ. ಸ್ಕೇಲು ಇಟ್ಟು ಅಳೆದ ಮೇಲೂ ಗೆರೆ ಉದ್ದವಾಗಿಯೇ ಕಾಣುತ್ತದೆ. ಗೊತ್ತಿದ್ದರೂ ಬಿಡದು.

ಬಿಸಿಲ್ಗುದುರೆ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅದೂ ಆಗದು. ಬಿಸಿಲ್ಗುದುರೆ ಬೆಳಕು ಬಾಗಿ ಆಗುವುದು. ಅದು ಕ್ಯಾಮೆರಾಕ್ಕೂ ಕಾಣುತ್ತದೆ.

ಮರು:

ನಾನು ಭಾಷೆಯ ಪಂಡಿತಳಲ್ಲ. ಮಾನಸಿಕ ಆರೋಗ್ಯದ ವಿಭಾಗದಲ್ಲಿ ಆಪ್ತಸಮಾಲೋಚಕಿಯಾಗಿ ತುಂಬ ವರ್ಷ ಕೆಲಸ ಮಾಡಿದ್ದೇನೆ. ನಿಮ್ಮೆಲ್ಲರ ಪದಗಳಲ್ಲೂ ಒಂದು ಕೊರತೆ ಕಾಣುತ್ತಿದೆ. ಎಲ್ಲರೂ ಕಣ್ಣಿನ ಬಗ್ಗೆಯೇ ಹೇಳುತ್ತಿದ್ದೀರಿ. ಸ್ಕಿಜೋಫ್ರೀನಿಯಾದಲ್ಲಿ ಹೆಚ್ಚಾಗಿ ಬರುವುದು ದನಿ. ನೋಟ ಅಲ್ಲ. ‘ಹುಸಿನೋಟ’ ಅಂತ ಬರೆದರೆ ಕಿವಿಯಲ್ಲಿ ಮಾತು ಕೇಳಿಸುವವರು ಎಲ್ಲಿಗೆ ಹೋಗಬೇಕು?

ಇನ್ನೊಂದು. ಹ್ಯಾಲುಸಿನೇಷನ್ ಅಂದರೆ ಹುಚ್ಚು ಅಂತಲ್ಲ. ದೃಷ್ಟಿ ಕಳೆದುಕೊಂಡ ಕೆಲವು ಹಿರಿಯರಿಗೆ ಜನ, ವಿನ್ಯಾಸಗಳು ಎದುರಿಗೇ ಕಾಣುತ್ತವೆ. ಅವು ನಿಜವಲ್ಲ ಅಂತ ಅವರಿಗೇ ಗೊತ್ತಿರುತ್ತದೆ. ಜಿನೀವಾದ ವಿಜ್ಞಾನಿ ಷಾರ್ಲ್ ಬೊನೆ ತನ್ನ ಅಜ್ಜನಿಗೆ ಹೀಗಾದದ್ದನ್ನು 1760ರಲ್ಲೇ ಬರೆದಿಟ್ಟಿದ್ದ. ಇವರಿಗೆ ‘ಮತಿಭ್ರಮಣೆ’ ಅಂದರೆ ಎಷ್ಟು ದೊಡ್ಡ ಅನ್ಯಾಯ ಅಲ್ವಾ?

ನಮ್ಮ ಮುಂದೆ ಕೂತವರು ಯಾವತ್ತೂ ‘ನನಗೆ ಭ್ರಮೆ ಇದೆ’ ಅನ್ನುವುದಿಲ್ಲ. ‘ಯಾರೋ ಮಾತಾಡಿದ ಹಾಗೆ ಕೇಳಿಸುತ್ತೆ’ ಅನ್ನುತ್ತಾರೆ. ಮನೆಯವರು ‘ಇಲ್ಲದ್ದೆಲ್ಲ ಕಾಣುತ್ತೆ ಅಂತಾರೆ’ ಅನ್ನುತ್ತಾರೆ. ‘ಎಲ್ಲರೂ ಸೇರಿ ವಿಷ ಹಾಕ್ತಿದ್ದಾರೆ ಅಂತ ನಂಬಿಬಿಟ್ಟಿದ್ದಾರೆ, ಎಷ್ಟು ಹೇಳಿದರೂ ಒಪ್ಪಲ್ಲ’ ಅನ್ನುತ್ತಾರೆ. ಮೂರೂ ಕ್ರಿಯಾಪದ. ನೀವೆಲ್ಲ ನಾಮಪದ ಹುಡುಕುತ್ತಿದ್ದೀರಿ.

ಮರು:

ನಿಘಂಟಿಗೆ ನಾಮಪದವೇ ಬೇಕಾಗುತ್ತದೆ. ವಾಕ್ಯವನ್ನು ಉಲ್ಲೇಖವಾಗಿ ಕೊಡಲಾಗದು.

ಮರು:

ಅವರಿಗೆ ಬೇಕಿರುವುದು ಪೋಸ್ಟರಿಗೆ. ನಿಘಂಟಿಗಲ್ಲ.

ಸಮಾಲೋಚಕಿ ಮೇಡಂ ಹೇಳಿದ್ದು ಇನ್ನೂ ಆಳಕ್ಕೆ ಹೋಗುತ್ತದೆ. ನಮ್ಮಲ್ಲಿ ‘ನೋಡು’ ಬೇರೆ, ‘ಕಾಣು’ ಬೇರೆ. ನಾನು ನೋಡುತ್ತೇನೆ, ಆದರೆ ನನಗೆ ಕಾಣುತ್ತದೆ. ನೋಡುವುದು ನನ್ನ ಕೆಲಸ. ಕಾಣುವುದು ನನಗೆ ಆಗುವಂಥದ್ದು. ಈ ಶಾಸ್ತ್ರ ಪೂರ್ತಿ ನಿಂತಿರುವುದೇ ಆ ಅಂತರದ ಮೇಲೆ. 1999ರಲ್ಲಿ ಸೈಮನ್ಸ್ ಮತ್ತು ಶಾಬ್ರಿ ಚೆಂಡಾಟದ ವಿಡಿಯೊ ತೋರಿಸಿ ಪಾಸುಗಳನ್ನು ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ನಡೆದುಹೋದರೂ ಸುಮಾರು ಅರ್ಧದಷ್ಟು ಜನ ಗಮನಿಸಲಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿದೆ. ಕನ್ನಡದಲ್ಲಿ ‘ನೋಡಿದರು, ಕಾಣಲಿಲ್ಲ’ ಎಂದರೆ ಮುಗಿಯಿತು. ಹಾಗಾಗಿ ಪರ್ಸೆಪ್ಷನ್ನಿಗೆ ಗ್ರಹಿಕೆ ಇರಲಿ, ಆದರೆ ಕಣ್ಣಿನ ಮಾತು ಬಂದಲ್ಲಿ ‘ಕಾಣುವುದು’ ಎಂದೇ ಬರೆಯಿರಿ.

ಮರು:

ಪದ ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ಈ ಶಾಸ್ತ್ರದಲ್ಲೇ ಸಾಕ್ಷಿ ಇದೆ. ಲಾಫ್ಟಸ್ ಮತ್ತು ಪಾಮರ್ 1974ರಲ್ಲಿ ಕಾರು ಅಪಘಾತದ ಫಿಲ್ಮ್ ತುಣುಕು ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ಕಾರುಗಳು ‘ಅಪ್ಪಳಿಸಿದಾಗ’ ಎಂದು ಕೇಳಿದಾಗ ಸರಾಸರಿ ಉತ್ತರ ಗಂಟೆಗೆ ಸುಮಾರು 41 ಮೈಲಿ. ‘ತಾಗಿದಾಗ’ ಎಂದಾಗ ಸುಮಾರು 32. ಒಂದೇ ಕ್ರಿಯಾಪದ. ಇದೇ ಕಾರಣಕ್ಕೆ ಕೋರ್ಟಿನ ವಿಷಯದಲ್ಲಿ ‘ಭ್ರಮೆ’ಯನ್ನು ಬೇಕಾಬಿಟ್ಟಿ ಬಳಸಬಾರದು. ಕತ್ತಲಲ್ಲಿ ಹಗ್ಗ ಹಾವಿನಂತೆ ಕಂಡ ಸಾಕ್ಷಿಗೂ ಇಲ್ಲದ ದನಿಯ ಅಪ್ಪಣೆ ಕೇಳಿದ ಆರೋಪಿಗೂ ಒಂದೇ ಪದ ಬಿದ್ದರೆ ಇಬ್ಬರಿಗೂ ನ್ಯಾಯ ಸಿಗದು. ಮೊದಲನೆಯದು ನಿಮಗೂ ನನಗೂ ಆಗುವಂಥದ್ದು. ಇಂಗ್ಲೆಂಡಿನ 1843ರ ಮೆಕ್‌ನಾಟನ್ ಮೊಕದ್ದಮೆಯಿಂದ ಈಚೆಗೆ ಕಾನೂನು ಕೇಳುತ್ತ ಬಂದದ್ದು ಎರಡನೆಯವನ ಬಗ್ಗೆ. ಮಾಡುತ್ತಿರುವುದು ಏನು, ಅದು ತಪ್ಪು ಎಂದು ಅವನಿಗೆ ತಿಳಿದಿತ್ತೇ ಎಂಬ ಪ್ರಶ್ನೆ.

ಮರು:

ಕೋರ್ಟಿನ ಮಾತು ಬಂತಲ್ಲ, ವಿಧಿವಿಜ್ಞಾನ ಎಂದವರಿಗೆ ಹೇಳಬೇಕು. ಜನರ ಬಾಯಲ್ಲಿ ವಿಧಿ ಅಂದರೆ ಹಣೆಬರಹ. ‘ವಿಧಿ ಮಾನಸಿಕ ಆರೋಗ್ಯ’ ಎಂದು ಫಲಕ ಹಾಕಿದರೆ ಜ್ಯೋತಿಷ್ಯ ಅಂದುಕೊಳ್ಳುತ್ತಾರೆ. ‘ಅಪರಾಧ ಮತ್ತು ಮಾನಸಿಕ ಆರೋಗ್ಯ’ ಎನ್ನಿ. ನೇರವಾಗಿದೆ.

ಮರು:

ದಯವಿಟ್ಟು ಬೇಡ. ಎರಡು ಪದ ಪಕ್ಕಪಕ್ಕ ಇಟ್ಟರೆ ಜನ ಮಾನಸಿಕ ಕಾಯಿಲೆ ಇದ್ದವರೆಲ್ಲ ಅಪರಾಧಿಗಳು ಎಂದೇ ಓದಿಕೊಳ್ಳುತ್ತಾರೆ. ಅವರಲ್ಲಿ ಬಹುಪಾಲು ಜನ ಯಾರ ಮೈಮೇಲೂ ಕೈ ಮಾಡುವುದಿಲ್ಲ. ಏಟು ತಿನ್ನುವವರೇ ಜಾಸ್ತಿ. ಫೊರೆನ್ಸಿಕ್ ಪದ ಬಂದದ್ದು ಫೋರಂನಿಂದ, ರೋಮಿನ ಜನ ಸೇರಿ ವ್ಯಾಜ್ಯ ಆಲಿಸುತ್ತಿದ್ದ ಬಯಲಿನಿಂದ. ಅದರಲ್ಲಿ ಅಪರಾಧ ಇಲ್ಲವೇ ಇಲ್ಲ. ‘ನ್ಯಾಯಾಲಯ ಮತ್ತು ಮಾನಸಿಕ ಆರೋಗ್ಯ’ ಎಂದರೆ ಹತ್ತಿರ ಬರುತ್ತದೆ.

ಮರು:

ನ್ಯಾಯಾಲಯವೂ ಸಂಸ್ಕೃತ. ಆರೋಗ್ಯವೂ ಸಂಸ್ಕೃತ. ಹೀಗೆ ಎಲ್ಲದಕ್ಕೂ ಸಾಲ ಮಾಡುತ್ತ ಹೋದರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಮರು:

ಕೋರ್ಟು ಎನ್ನಿ ಹಾಗಾದರೆ. ಅದನ್ನು ಕನ್ನಡವಲ್ಲ ಎನ್ನುವವರು ಕೋರ್ಟಿಗೆ ಅಲೆದವರನ್ನು ಕೇಳಿ ನೋಡಲಿ. ಸಾಲ ತಂದರೂ ದುಡಿದು ತಿಂದರೆ ಅದು ನಮ್ಮದೇ.

ಮರು:

ಪ್ರಶ್ನೆ ಕೇಳಿದವಳು ನಾನೇ. ಎಲ್ಲರಿಗೂ ಧನ್ಯವಾದ, ಜಗಳ ಆಡಿದವರಿಗೂ.

ಕ್ರಿಯಾಪದದ ದಾರಿಯನ್ನೇ ಹಿಡಿದಿದ್ದೇನೆ. ಇಲ್ಯೂಷನ್ ಬಂದಲ್ಲೆಲ್ಲ ‘ಇದ್ದದ್ದು ಬೇರೆಯಾಗಿ ಕಾಣುವುದು’. ಹ್ಯಾಲುಸಿನೇಷನ್ ಬಂದಲ್ಲಿ ‘ಇಲ್ಲದ್ದು ಕಾಣುವುದು, ಕೇಳಿಸುವುದು’. ಡೆಲ್ಯೂಷನ್ನಿಗೆ ‘ಬಿಡಿಸಲಾಗದ ಹುಸಿನಂಬಿಕೆ’. ಮೂಢನಂಬಿಕೆ ಬರೆಯಲು ಹೋಗಿದ್ದೆ, ತಡೆದುಕೊಂಡೆ. ಅದು ಊರಿಗೆಲ್ಲ ಇರುವಂಥದ್ದು. ಇದು ಒಬ್ಬರನ್ನೇ ಹಿಡಿಯುವಂಥದ್ದು. ಪ್ರತಿ ಫಲಕದಲ್ಲೂ ಇಂಗ್ಲಿಷ್ ಹೆಸರನ್ನು ಕನ್ನಡ ಲಿಪಿಯಲ್ಲಿ ಒಮ್ಮೆ ಕೊಡುತ್ತೇನೆ. ಭ್ರಮೆ ಎಲ್ಲೂ ಇಲ್ಲ.

ಮುಖವಾಡದ ವಾಕ್ಯ ಈಗ ಹೀಗಿದೆ: ‘ಇಲ್ಲದ್ದು ಕಾಣುವ, ಕೇಳಿಸುವ ಕಾಯಿಲೆ ಇರುವ ಅನೇಕರಿಗೆ ಈ ಮುಖವಾಡ ಇದ್ದ ಹಾಗೆಯೇ ಕಾಣುತ್ತದೆ. ಬೇರೆಯಾಗಿ ಕಾಣುವುದು ನಮಗೆ.’

ಫೊರೆನ್ಸಿಕ್ ಫಲಕ ಬೆಳಿಗ್ಗೆ ಹತ್ತರವರೆಗೆ ಖಾಲಿ ಇಟ್ಟಿರುತ್ತೇನೆ. ಸದ್ಯಕ್ಕೆ ‘ಕೋರ್ಟು ಮತ್ತು ಮಾನಸಿಕ ಆರೋಗ್ಯ’ ಎಂದು ಪೆನ್ಸಿಲಿನಲ್ಲಿ ಬರೆದಿದ್ದೇನೆ.