ನಾಲ್ಕು ಮಕ್ಕಳು, ಒಂದು ವ್ಯಾನು, 84 ದಿನ: ಮೊನ್ನೆ ಕೇಳಿದೋರಿಗೆ ಉತ್ತರ

ಎಲ್ಲರಿಗೂ ನಮಸ್ಕಾರ. ಮೊನ್ನೆ ಇಲ್ಲಿ ಒಬ್ರು ಕೇಳಿದ್ರಲ್ಲ, ಮಕ್ಕಳನ್ನ ಸ್ಕೂಲ್ ಬಿಡಿಸಿ ಕ್ಯಾಂಪರ್‌ವ್ಯಾನಲ್ಲಿ (ಹಾಸಿಗೆ, ಅಡುಗೆಮನೆ ಒಳಗೇ ಇರೋ ವ್ಯಾನು) ಯುರೋಪ್ ಸುತ್ತೋಣ ಅಂತಿದೀವಿ, ಓದು ಹಾಳಾಗುತ್ತಾ, ಕನ್ನಡ ಪೂರ್ತಿ ಮರ್ತುಬಿಡ್ತಾರಾ ಅಂತ. ನಾವು 2024ರಲ್ಲಿ ಮಾಡಿದ್ವಿ, ಏಪ್ರಿಲ್ 22ಕ್ಕೆ ಹೊರಟು ಜುಲೈ 14ಕ್ಕೆ ವಾಪಸ್, ಸ್ಪೇನು ಪೋರ್ಚುಗಲ್ ಎರಡೇ ದೇಶ. ಕಾಮೆಂಟಲ್ಲಿ ಬರೆಯೋಕೆ ಹೋಗಿ ಉದ್ದ ಆಯ್ತು, ಅದಕ್ಕೆ ಬೇರೆ ಪೋಸ್ಟೇ ಹಾಕ್ತಿದೀನಿ. ಮೊಬೈಲಲ್ಲಿ ಟೈಪ್ ಮಾಡ್ತಿರೋದು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಾವಿರೋದು ಇಂಗ್ಲೆಂಡಲ್ಲಿ. ಆಗ ದೊಡ್ಡವಳಿಗೆ 9, ಅವಳಿ ಹುಡುಗ್ರಿಗೆ 7, ಚಿಕ್ಕೋನಿಗೆ 3. ಆರು ಜನಕ್ಕೆ ಆರು ಸೀಟು, ಆರಕ್ಕೂ ಬೆಲ್ಟು ಇರೋ ವ್ಯಾನ್ ಹುಡ್ಕೋದೇ ಮೊದಲ ತಲೆನೋವು. ಆರು ಜನ ಮಲಗ್ಬಹುದು ಅಂತ ಬೋರ್ಡ್ ಹಾಕಿರ್ತಾರೆ, ಒಳಗೆ ನೋಡಿದ್ರೆ ಬೆಲ್ಟು ನಾಲ್ಕೇ. ಅದು ಸಿಕ್ಕಿತು ಅಂದ್ಮೇಲೆ ತೂಕದ ಕಥೆ. 1997ರ ಆಮೇಲೆ ಇಲ್ಲಿ ಕಾರ್ ಟೆಸ್ಟ್ ಪಾಸಾದೋರಿಗೆ 3500 ಕೆಜಿ ತನಕ ಮಾತ್ರ ಓಡ್ಸೋಕೆ ಬಿಡೋದು, ನಾವೆಲ್ಲ ಊರಿಂದ ಬಂದು ಟೆಸ್ಟ್ ಕೊಟ್ಟೋರು ಆ ಲೆಕ್ಕಕ್ಕೇ ಬರ್ತೀವಿ. ಹೊರಡೋ ಹಿಂದಿನ ವಾರ ಎಲ್ಲಾ ತುಂಬಿಸ್ಕೊಂಡು ಲಾರಿ ತೂಕ ಮಾಡೋ ವೇಬ್ರಿಡ್ಜ್ ಮೇಲೆ ನಿಲ್ಸಿದ್ರೆ 3580! ಅಲ್ಲೇ ಪಕ್ಕದಲ್ಲಿ ನಿಂತು ನಾನೂ ಇವರೂ (ನನ್ನ ಗಂಡ) ಜಗಳ. ಗ್ರೈಂಡರ್ ಇಳೀತು, 20 ಕೆಜಿ ಅಕ್ಕಿ ಇಳೀತು, ಇವರ ಗಿಟಾರ್ ಇಳೀತು. ಕೊನೆಗೆ ನೀರಿನ ಟ್ಯಾಂಕನ್ನ ಕಾಲು ಭಾಗ ಮಾತ್ರ ತುಂಬಿಸ್ಕೊಂಡು ಓಡಾಡೋದು ಅಂತ ತೀರ್ಮಾನ, ಯಾಕಂದ್ರೆ 100 ಲೀಟರ್ ನೀರು ಅಂದ್ರೆ 100 ಕೆಜಿ ತಾನೇ. ದೊಡ್ಡ ಸಂಸಾರ ಇರೋರು ವ್ಯಾನ್ ನೋಡೋಕೆ ಹೋದಾಗ ಬಣ್ಣ, ಅಡುಗೆಮನೆ ಎಲ್ಲ ಆಮೇಲೆ ನೋಡಿ, ಮೊದಲು ಎಷ್ಟು ಕೆಜಿ ಹೇರ್ಬಹುದು ಅಂತ ಕೇಳಿ.

ಪಾಸ್‌ಪೋರ್ಟ್ ವಿಷಯ ಬೇಗ ಹೇಳಿ ಮುಗಿಸ್ತೀನಿ. ನಂಗೂ ಮಕ್ಕಳಿಗೂ ಬ್ರಿಟಿಷ್ ಪಾಸ್‌ಪೋರ್ಟು, ಇವರದ್ದು ಇನ್ನೂ ಭಾರತದ್ದೇ, ಹಾಗಾಗಿ ಇವರಿಗೆ ಷೆಂಗೆನ್ (ತಮ್ಮೊಳಗೆ ಗಡಿ ತಪಾಸಣೆ ಇಲ್ಲದ ಯುರೋಪ್ ದೇಶಗಳ ಗುಂಪು) ವೀಸಾ ಬೇಕಾಯ್ತು. ಆದ್ರೆ ಎಲ್ಲರಿಗೂ ಒಂದೇ ಲೆಕ್ಕ, 180 ದಿನದಲ್ಲಿ 90 ದಿನ, ಅಷ್ಟೇ. ದೇಶ ಬದಲಾಯಿಸಿದ್ರೆ ಮತ್ತೆ ಒಂದರಿಂದ ಎಣಿಸ್ತಾರೆ ಅನ್ಕೊಂಡಿರೋರು ತುಂಬ ಜನ ಇದಾರೆ, ಹಾಗಿಲ್ಲ, ಇಡೀ ಷೆಂಗೆನ್‌ಗೆ ಸೇರಿ 90. 2025ರ ಅಕ್ಟೋಬರಿಂದ ಬೆರಳಚ್ಚು, ಫೋಟೋ ತಗೊಂಡು ಕಂಪ್ಯೂಟರೇ ಲೆಕ್ಕ ಇಡೋ ವ್ಯವಸ್ಥೆ ಶುರುವಾಗಿದೆ, ಸೀಲ್ ಮಸುಕಾಗಿತ್ತು ಸಾರ್ ಅನ್ನೋ ಆಟ ಇನ್ಮೇಲೆ ನಡೆಯಲ್ಲ. ಅದಕ್ಕೇ ನಾವು 84ಕ್ಕೆ ನಿಲ್ಸಿದ್ವಿ, ವ್ಯಾನ್ ಕೆಟ್ಟು ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಕೈಯಲ್ಲಿ ಆರು ದಿನ ಇರ್ಲಿ ಅಂತ.

ಸ್ಕೂಲು. ಇಂಗ್ಲೆಂಡಲ್ಲಿ ಮನೇಲೇ ಓದಿಸ್ತೀವಿ ಅಂತ ಹೆಡ್‌ಟೀಚರ್‌ಗೆ ಒಂದು ಕಾಗದ ಕೊಟ್ರೆ ಮಾಮೂಲಿ ಸ್ಕೂಲಲ್ಲಿ ಹೆಸರು ತೆಗೀತಾರೆ, ಕಾನೂನು ಅಡ್ಡ ಬರಲ್ಲ. ಸ್ಕಾಟ್ಲೆಂಡಲ್ಲಿ ಕೌನ್ಸಿಲ್ ಒಪ್ಪಿಗೆ ಬೇಕು. ಜರ್ಮನಿಯಲ್ಲಿರೋರು ನನ್ನ ಪೋಸ್ಟ್ ನೋಡಿ ಆಸೆ ಪಡ್ಬೇಡಿ, ಅಲ್ಲಿ ಸ್ಕೂಲ್ ಕಡ್ಡಾಯ, ಮನೆಪಾಠ ನಡೆಯಲ್ಲ, ರಜೆಗೆ ಎರಡು ದಿನ ಮುಂಚೆ ಮಕ್ಕಳನ್ನ ಕರ್ಕೊಂಡು ಹೋದ್ರೂ ದಂಡ ಹಾಕ್ತಾರೆ. ನೆದರ್ಲೆಂಡ್ಸಲ್ಲೂ 5 ವರ್ಷ ಆದ್ಮೇಲೆ ಬಿಗಿ. ಅಂಥ ಕಡೆ ಇರೋರು ಚಿಕ್ಕ ಮಕ್ಕಳಿದ್ದಾಗಲೇ ಹೋಗ್ಬನ್ನಿ.

ಇನ್‌ಸ್ಟಾಗ್ರಾಂ ಅಕ್ಕಂದಿರು ಹೇಳದೇ ಇರೋದನ್ನ ನಾನು ಹೇಳ್ತೀನಿ ಕೇಳಿ. ಹೆಸರು ತೆಗೆಸಿದ್ರೆ ಸೀಟು ಹೋಯ್ತು ಅಂತಲೇ. ಸೆಪ್ಟೆಂಬರಲ್ಲಿ ಅವಳಿಗಳಿಗೆ ಹಳೇ ಸ್ಕೂಲಲ್ಲೇ ಸಿಕ್ತು, ದೊಡ್ಡವಳ ಕ್ಲಾಸಲ್ಲಿ ಜಾಗ ಇಲ್ಲ. ಜನವರಿ ತನಕ ಅವಳೊಂದು ಕಡೆ, ಹುಡುಗ್ರೊಂದು ಕಡೆ, ಬೆಳಗ್ಗೆ 8:45ಕ್ಕೆ ಎರಡೂ ಗೇಟ್ ಹತ್ರ ನಾನೇ ಇರ್ಬೇಕು, ಹೆಂಗೆ? ಅವಳು ಗೆಳತಿಯರನ್ನ ಬಿಟ್ಟು ಹೋಗಿ ಅತ್ತಿದ್ದು ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಚುರ್ ಅನ್ನುತ್ತೆ.

ಈಗ ಸುತ್ತಾಟಕ್ಕೆ ಬರೋಣ. ಪ್ಲಿಮತ್‌ನಿಂದ ಸ್ಪೇನಿನ ಸಾಂತಾಂದೇರ್‌ಗೆ ಹಡಗಲ್ಲಿ ಸುಮಾರು 20 ಗಂಟೆ. ಬ್ರಿಟನ್ನಿಂದ ಹಾಲು, ಮಾಂಸದ ಪದಾರ್ಥ ಯುರೋಪ್ ಒಕ್ಕೂಟದೊಳಗೆ ಒಯ್ಯೋ ಹಾಗಿಲ್ಲ, ಹಾಗಾಗಿ ನಮ್ಮ ತುಪ್ಪದ ಡಬ್ಬಿ, ಮೊಸರಿನ ಹೆಪ್ಪು ಎರಡನ್ನೂ ಮನೇಲೇ ಬಿಟ್ಟು ಹೊರಟ್ವಿ. ಅಲ್ಲಿ ಹೋಗಿ ಉಪ್ಪಿಲ್ಲದ ಬೆಣ್ಣೆ ಹುಡ್ಕಿ ವ್ಯಾನಲ್ಲೇ ತುಪ್ಪ ಕಾಯಿಸಿದೆ, ಮೂರು ದಿನ ಹಾಸಿಗೆ ದಿಂಬು ಎಲ್ಲ ಘಮಘಮ. ಗ್ಯಾಸ್ ಬಗ್ಗೆ ಒಂದು ಮಾತು, ಇಲ್ಲಿನ ಸಿಲಿಂಡರ್ ಅಲ್ಲಿ ಬದಲಾಯಿಸಿ ಕೊಡಲ್ಲ, ಪೆಟ್ರೋಲ್ ಬಂಕಲ್ಲಿ ತುಂಬಿಸ್ಕೊಳ್ಳೋ ಥರದ್ದು ಹಾಕಿಸ್ಕೊಳ್ಳಿ, ಜೊತೆಗೆ ಅಲ್ಲಿನ ಬಾಯಿಗೆ ಕೂರೋ ಅಡಾಪ್ಟರೂ ಇರ್ಲಿ.

ಮೊದಲ ಹತ್ತು ದಿನ ನಾವು ಮಾಡಿದ್ದು ದೊಡ್ಡ ತಪ್ಪು. ದಿನಕ್ಕೊಂದು ಊರು. ಬೆಳಗ್ಗೆ ನಾಲ್ಕು ಹಾಸಿಗೆ ಮಡಚು, ಪಾತ್ರೆ ಕಟ್ಟು, ಗಲೀಜು ನೀರು ಖಾಲಿ ಮಾಡು, ಓಡು, ಸಂಜೆ ಮತ್ತೆ ಎಲ್ಲ ಬಿಚ್ಚು. ಸಲಮಾಂಕ ಅಷ್ಟು ಚಂದದ ಊರು ಅಂತಾರೆ, ನಂಗೆ ನೆನಪಿರೋದು ಅಲ್ಲಿನ ಪಾರ್ಕಿಂಗಲ್ಲಿ ಚಿಕ್ಕೋನು ವಾಂತಿ ಮಾಡ್ಕೊಂಡಿದ್ದು. ಕಾಸೆರೆಸ್ ಮುಟ್ಟಿದಾಗ ಮಕ್ಕಳು ನಾವು ಇಳಿಯಲ್ಲ ಅಂತ ಸತ್ಯಾಗ್ರಹ ಕೂತ್ರು. ಸರಿ ಅಂತ ಅಲ್ಲೇ ಆರು ರಾತ್ರಿ ನಿಂತ್ವಿ. ಗೋಪುರದ ಮೇಲೆಲ್ಲ ಕೊಕ್ಕರೆಗಳು ಗೂಡು ಕಟ್ಟಿರ್ತವೆ, ಮರಿಗಳಿಗೆ ಊಟ ಕೊಡೋಕೆ ಬಂದಾಗ ಕೊಕ್ಕು ಕಟಕಟ ಅಂತ ಬಡಿಯೋ ಸದ್ದು, ದಿನಾ ಸಂಜೆ ಮಕ್ಕಳು ಅದನ್ನ ನೋಡೋಕೆ ಅದೇ ಕಟ್ಟೆ ಮೇಲೆ ಹೋಗಿ ಕೂರೋರು. ನಾಲ್ಕನೇ ದಿನಕ್ಕೆ ಬೇಕರಿಯವಳು ಮಕ್ಕಳನ್ನ ಗುರುತು ಹಿಡಿದು ಮಾತಾಡ್ಸೋಳು. ಅವತ್ತಿಂದ ಒಂದು ಕಡೆ ಐದು ರಾತ್ರಿಗಿಂತ ಕಡಿಮೆ ಇಲ್ಲ ಅಂತ ನಿಯಮ ಮಾಡ್ಕೊಂಡ್ವಿ, ಅದರಿಂದಲೇ ಮುಂದಿನ ಎರಡು ತಿಂಗಳು ಬಚಾವಾಯ್ತು. ಇಟಲಿ ಬಿಟ್ವಿ, ಫ್ರಾನ್ಸ್ ಬಿಟ್ವಿ, ಏನೂ ಬೇಜಾರಿಲ್ಲ.

ಕನ್ನಡದ ಬಗ್ಗೆ ಕೇಳಿದ್ರಿ. ನಮ್ಮ ಮಕ್ಕಳು ಶನಿವಾರದ ಕನ್ನಡ ಕ್ಲಾಸಿಗೆ ಮೂರು ವರ್ಷ ಹೋದೋರು, ಅಆಇಈ ಬರುತ್ತೆ, ಮಾತು ಬರಲ್ಲ. ವ್ಯಾನಲ್ಲಿ ಮಾತು ಬಂತು. ಯಾಕಂದ್ರೆ ಅಲ್ಲಿ ಕೆಲಸ ಇತ್ತು. ಪೈಪ್ ಹಿಡಿ, ಮುಚ್ಚಳ ತಿರುಗಿಸು, ಸೋರ್ತಾ ಇದೆಯಾ ನೋಡು, ಹಗ್ಗ ಬಿಗಿ ಮಾಡು, ಒದ್ದೆ ಚಪ್ಪಲಿ ಹೊರಗೆ ಬಿಡು, ಹೀಗೆ ದಿನಕ್ಕೆ ನೂರು ಸಲ. ಮನೇಲಿ ನಾವು ಆಡ್ತಿದ್ದ ಕನ್ನಡ ಊಟಕ್ಕೆ ಬಾ, ಬೇಗ ಎದ್ದೇಳು ಅನ್ನೋದರಲ್ಲೇ ಮುಗಿದು ಹೋಗ್ತಿತ್ತು ಅಂತ ನಂಗೆ ಆಗ ಗೊತ್ತಾಯ್ತು. ವ್ಯಾನ್ ಹಿಂದೆ ತಗೊಳ್ಳುವಾಗ ಅವಳಿಗಳಲ್ಲಿ ಒಬ್ಬ ಹಿಂದೆ ನಿಂತು ಕೂಗ್ಬೇಕು, ಅದೂ ಕನ್ನಡದಲ್ಲೇ ಅಂತ ಇವರ ಹಟ. ಪೋರ್ಚುಗಲ್ಲಿನ ಒಂದು ಹಳ್ಳಿ ಸಂದಿಯಲ್ಲಿ ಎಡಕ್ಕೆ ಎಡಕ್ಕೆ ಅಂತ ಕೂಗಿದ, ಇವರು ಎಡಕ್ಕೆ ತಿರುಗಿಸಿದ್ರು, ಅವನು ಹೇಳ್ಬೇಕಾಗಿದ್ದು ಬಲಕ್ಕೆ, ಬಂಪರ್ ಹೋಗಿ ಕಲ್ಲಿನ ಗೋಡೆಗೆ ಕರ್ ಅಂತು. ಗೀಚು ಇನ್ನೂ ಇದೆ. ಆದ್ರೆ ಆ ಹುಡುಗ ಇವತ್ತಿನ ತನಕ ಎಡ ಬಲ ತಪ್ಪಿಲ್ಲ.

ಜೂನಲ್ಲಿ ಊರಿಂದ ಅತ್ತೆ ಮಾವ ಬಂದ್ರು, ಬೆಂಗಳೂರಲ್ಲೇ ವೀಸಾ ಮಾಡಿಸ್ಕೊಂಡು ಸೀದಾ ಲಿಸ್ಬನ್‌ಗೆ. ವ್ಯಾನಲ್ಲಿ ಸೀಟಿಲ್ಲ, ಹಾಗಾಗಿ ನಾಲ್ಕು ವಾರಕ್ಕೆ ಒಂದು ಸಣ್ಣ ಕಾರ್ ಬಾಡಿಗೆಗೆ ತಗೊಂಡ್ವಿ, ರಾತ್ರಿ ಅವರು ಕ್ಯಾಂಪ್‌ಸೈಟಿನ ಪುಟ್ಟ ಮನೇಲಿ. ನಮ್ಮದು ಸಿರ್ಸಿ ಕಡೆ, ಮಾವಂದು ಅಡಿಕೆ ತೋಟ. ಲಿಸ್ಬನ್ನಿನ ಬೆಲೆಂ ಅಂತ ಜಾಗ, ಅಲ್ಲಿ ವಾಸ್ಕೋ ಡ ಗಾಮನ ಸಮಾಧಿ ಇರೋ ಜೆರೋನಿಮೋಸ್ ಮಠ, 1501ರಲ್ಲಿ ಕಟ್ಟೋಕೆ ಶುರು ಮಾಡಿದ್ದು, ಪೂರ್ವದಿಂದ ಬರ್ತಿದ್ದ ಸಾಂಬಾರ ಪದಾರ್ಥದ ವ್ಯಾಪಾರದ ಮೇಲೆ ನೂರಕ್ಕೆ ಐದು ತೆರಿಗೆ ಹಾಕಿ ಆ ದುಡ್ಡಲ್ಲಿ ಕಟ್ಟಿದ್ದು. ಇವರು ಅದನ್ನ ವಿವರಿಸಿದ್ರು. ಮಾವ ಕಂಬ ನೋಡಿ, ಸೂರು ನೋಡಿ, "ಹಂಗಾರೆ ಇದು ನಮ್ಮ ಕಾಳ್ಮೆಣಸಿನ ದುಡ್ಡೇ ಅಲ್ದಾ, ಇದಕ್ಕೆ ಟಿಕೆಟ್ ಬೇರೆ ತಗಳ್ತ್ರಾ" ಅಂದ್ರು. ಗೇರುಸೊಪ್ಪೆಯ ಚೆನ್ನಭೈರಾದೇವೀನ ಇದೇ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೀತಿದ್ರು ಅಂತ ಮಕ್ಕಳಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಕಥೆ ಹೇಳಿದ್ರು, ನಾನು ಹೇಳಿದ್ರೆ ಯಾರು ಕೇಳ್ತಿದ್ರು?

ಅಂಗಡಿಗೆ ಹೋದಾಗ ಇನ್ನೊಂದು ಮಜಾ. ಆಲೂಗಡ್ಡೆ ರಾಶಿ ಮೇಲಿನ ಬೋರ್ಡ್ ಓದಿ ದೊಡ್ಡವಳು ಬಟಾಟ ಅಂದ್ಲು, ಅತ್ತೆ ಹೌದಲ, ಬಟಾಟೆ ಅಂದ್ರು. ಇಬ್ಬರೂ ಒಬ್ರನ್ನೊಬ್ರು ನೋಡ್ಕೊಂಡ್ರು! ಆಮೇಲೆ ಅನಾನಸ್ ಸಿಕ್ತು, ಕ್ಯಾಂಪ್‌ಸೈಟಿನವನು ಬೀಗದ ಕೈಗೆ ಶಾವ್ ಅಂದಿದ್ದು ನಮ್ಮ ಚಾವಿ ಆಯ್ತು. ಮಕ್ಕಳಿಗೆ ಹುಚ್ಚು ಹಿಡಿದು ದಿನಾ ಒಂದು ಪದ ಬೇಟೆ. ಕನ್ನಡ ಅಂದ್ರೆ ಅಮ್ಮ ಬಯ್ಯೋ ಭಾಷೆ ಅಂತ ತಿಳ್ಕೊಂಡಿದ್ದೋರಿಗೆ ಅದು ಅಂಗಡಿ ಬೋರ್ಡಲ್ಲಿ ಕಂಡಿತು.

ಅತ್ತೆಗೆ ಮಾತ್ರ ಅಲ್ಲಿನ ಹಾಲಿನ ಮೇಲೆ ಸಿಟ್ಟು. ಅಂಗಡಿ ತುಂಬ ತಿಂಗಳುಗಟ್ಟಲೆ ಇಟ್ರೂ ಕೆಡದ ಪ್ಯಾಕೆಟ್ ಹಾಲು, ಫ್ರಿಜ್ಜಲ್ಲಿ ಇಡೋ ಹಾಲನ್ನ ಹುಡ್ಕಿ ತರ್ಬೇಕು. ಹಸಿಮೆಣಸಿನ ತೊಟ್ಟು ಹಾಕಿ ಹೆಪ್ಪು ಮಾಡಿದ್ರು, ಮೊದಲ ದಿನ ಲೋಳೆಲೋಳೆ, ಮಾರನೇ ದಿನ ಡಬ್ಬಿಗೆ ಟವಲ್ ಸುತ್ತಿ ಮೇಲಿನ ಕಪಾಟಲ್ಲಿ ಇಟ್ಟಾಗ ಗಟ್ಟಿ ಮೊಸರು. ನಾವು ಸಸ್ಯಾಹಾರಿಗಳು, ಹೋಟೆಲ್ ನಂಬಿದ್ರೆ ಕಷ್ಟ, ಸ್ಪೇನಲ್ಲಿ ಸಲಾಡ್ ಅಂದ್ರೆ ಮೇಲೆ ಟ್ಯೂನಾ ಮೀನು, ಪೋರ್ಚುಗಲ್ಲಲ್ಲಿ ಸೊಪ್ಪಿನ ಸೂಪು ಅಂದ್ರೆ ತಳದಲ್ಲಿ ಹಂದಿ ಸಾಸೇಜಿನ ಬಿಲ್ಲೆ. ತಂಬ್ಳಿ ಅನ್ನದಲ್ಲೇ ಬದುಕಿದ್ವಿ.

ಪೋರ್ಚುಗಲ್ಲಿನ ಎವೋರಾ ಊರಿನ ಸುತ್ತ ಪೂರ್ತಿ ಕಾರ್ಕ್ ಮರ, ಬಾಟ್ಲಿ ಬಿರಡೆ ಮಾಡೋದು ಅದರ ತೊಗಟೆಯಿಂದಲೇ. ಅಲ್ಲಿ ಮರದ ಮೇಲೆ ಬಿಳಿ ಬಣ್ಣದಲ್ಲಿ ಒಂದೊಂದು ಅಂಕಿ ಬರೆದಿರ್ತಾರೆ, 8, 1, 6 ಹೀಗೆ. ತೊಗಟೆ ಸುಲಿದ ಇಸವಿಯ ಕೊನೇ ಅಂಕಿ ಅದು, ಮತ್ತೆ ಸುಲಿಯೋದು ಒಂಬತ್ತು ವರ್ಷ ಆದ್ಮೇಲೇ. ಗಿಡ ನೆಟ್ಟು ಮೊದಲ ಸಲ ಸುಲಿಯೋಕೆ ಸುಮಾರು 25 ವರ್ಷ, ಬಿರಡೆಗೆ ಆಗುವಂಥ ತೊಗಟೆ ಸಿಗೋದು ಮೂರನೇ ಸುಲಿತದಲ್ಲಿ, ಅಂದ್ರೆ ನೆಟ್ಟೋನಿಗೆ ತಲೆ ನರೆತ ಮೇಲೆ. ನಾವು ಹೋದಾಗ 5 ಅಂತ ಬರೆದಿದ್ದ ಮರಗಳ ಸರದಿ. ಇಬ್ಬರು ಆಳು ಕೊಡಲಿ ಹಿಡ್ಕೊಂಡು ಒಂದೊಂದು ಮರಕ್ಕೆ ನಿಂತಿದ್ರು, ಒಳಗಿನ ಪದರಕ್ಕೆ ಏಟು ಬಿದ್ರೆ ಮರಕ್ಕೇ ಕೇಡು, ಅದಕ್ಕೆ ಸದ್ದು ಕೇಳ್ಕೊಂಡು ಕೊಡಲಿ ಹಾಕೋರು, ಆಮೇಲೆ ಹಿಡಿಯನ್ನ ಸಂದಿಗೆ ತೂರಿಸಿ ಮೀಟಿದ್ರೆ ಇಡೀ ಹಲಗೆ ಥರ ಕಿತ್ತು ಬರೋದು. ಮಾವ ಅರ್ಧ ಗಂಟೆ ನಿಂತಲ್ಲೇ ನಿಂತ್ರು. ನಮ್ಮ ಕೊನೆಗೌಡನ (ಅಡಿಕೆ ಕೊನೆ ಕೊಯ್ಯೋನ) ಕೈ ಇದು ಅಂದ್ರು. ಹತ್ರ ಹೋಗಿ ಸುಲಿದ ಕಾಂಡದ ಮೇಲೆ ಅಂಗೈ ಇಟ್ರು, ಆಳು ಬಯ್ಯಬಹುದು ಅಂತ ನಾನು ಹೆದರಿದ್ರೆ ಅವನು ನಕ್ಕು ಒಂದು ತುಂಡು ತೊಗಟೆ ಕೈಗೆ ಕೊಟ್ಟ. ದೊಡ್ಡವಳು ಗಣಿತದ ಪುಸ್ತಕ ತೆಗೆದಿದ್ದು ಕಮ್ಮಿ, ಆದ್ರೆ ಆ ವಾರ ಪೂರ್ತಿ ಕಂಡ ಕಂಡ ಮರಕ್ಕೆಲ್ಲ ಒಂಬತ್ತು ಕೂಡಿಸ್ತಾ ಇದ್ಲು. ಆ ತುಂಡು ಈಗ ಸಿರ್ಸಿಯಲ್ಲಿ ಮಾವನ ಮೇಜಿನ ಮೇಲಿದೆ.

ರಾತ್ರಿ ಎಲ್ಲಿ ನಿಲ್ಸೋದು ಅಂತ ಕೇಳಿದೋರಿಗೆ: ಪೋರ್ಚುಗಲ್ಲಲ್ಲಿ 2021ರಿಂದ ಕಾನೂನು ಬಿಗಿ ಆಗಿದೆ, ಸಮುದ್ರದ ದಂಡೆ, ಸಂರಕ್ಷಿತ ಪ್ರದೇಶದಲ್ಲಿ ಮಲಗೋ ಹಾಗಿಲ್ಲ, ಮಿಕ್ಕ ಕಡೆ ಒಂದು ಪುರಸಭೆ ವ್ಯಾಪ್ತಿಯಲ್ಲಿ 48 ಗಂಟೆ ಮಾತ್ರ. ಸ್ಪೇನಲ್ಲಿ ಪಾರ್ಕಿಂಗ್ ಬೇರೆ, ಕ್ಯಾಂಪಿಂಗ್ ಬೇರೆ, ಕುರ್ಚಿ ಹೊರಗೆ ಹಾಕಿ ಮೇಲೆ ಚಪ್ಪರ ಬಿಚ್ಚಿದ್ರೆ ಕ್ಯಾಂಪಿಂಗ್ ಆಗೋಯ್ತು. ನಾಲ್ಕು ಮಕ್ಕಳಿರೋರು ಸುಮ್ನೆ ಕ್ಯಾಂಪ್‌ಸೈಟಿಗೇ ಹೋಗಿ. ಅರ್ಧರಾತ್ರಿ ಪೊಲೀಸ್ ಬಾಗಿಲು ತಟ್ಟಿ ಮಲಗಿದ ಮಕ್ಕಳನ್ನ ಎಬ್ಬಿಸ್ಕೊಂಡು ಹೊರಡೋದು ಯಾರಿಗೆ ಬೇಕು. ರಿಯಾಯ್ತಿ ಕಾರ್ಡುಗಳು ಹೆಚ್ಚಾಗಿ ಇಬ್ಬರು ದೊಡ್ಡೋರಿಗೆ ಲೆಕ್ಕ, ಮಕ್ಕಳಿಗೆ ಬೇರೆ ಕೊಡ್ಬೇಕಾಗುತ್ತೆ, ಮೊದಲೇ ಕೇಳ್ಕೊಳ್ಳಿ.

ಮತ್ತೆ ಹೋಗ್ತೀರಾ ಅಂತ ಒಬ್ರು ಇನ್‌ಬಾಕ್ಸಲ್ಲಿ ಕೇಳಿದ್ರು. ಹೋಗ್ತೀವಿ, ಆದ್ರೆ ಸ್ಕೂಲ್ ಬಿಡಿಸಲ್ಲ, ಬೇಸಿಗೆ ರಜೆಯ ಆರು ವಾರ, ಒಂದೇ ದೇಶ, ಐದಾರು ಊರು. ಮಗಳ ಸೀಟಿನ ಗಲಾಟೆ ಇನ್ನೊಂದು ಸಲ ನಂಗೆ ಆಗಲ್ಲ.

ಬಟ್ಟೆ ಎಲ್ಲಿ ಒಗೀತಿದ್ರಿ ಅಂತ ಕೇಳಿದ್ರಲ್ಲ, ಪೋರ್ಚುಗಲ್ಲಲ್ಲಿ ಸೂಪರ್‌ಮಾರ್ಕೆಟ್ ಪಾರ್ಕಿಂಗಲ್ಲೇ ದೊಡ್ಡ ವಾಷಿಂಗ್ ಮಷಿನ್ ಇಟ್ಟಿರ್ತಾರೆ, ಆರು ಜನರ ವಾರದ ಬಟ್ಟೆ ಎರಡು ಲೋಡಲ್ಲಿ ಮುಗಿಯುತ್ತೆ, ಅಷ್ಟರಲ್ಲಿ ತರಕಾರಿ ತಗೊಂಡು ಬರಬಹುದು. ಇವರ ವೀಸಾಕ್ಕೆ ಏನೇನು ಕಾಗದ ಕೊಟ್ವಿ ಅನ್ನೋದನ್ನ ನಾಳೆ ರಾತ್ರಿ ಹಾಕ್ತೀನಿ, ಈಗ ಚಿಕ್ಕೋನು ಎದ್ದ.