1/72 ಹರಿಕೇನ್ ಕಿಟ್: ರೆಕ್ಕೆ ದೊಡ್ಡ, ಮೈ ಗಿಡ್ಡ! ಅಳತೆ ನೋಡುವುದು ಹೇಗೆ?

ಕದ್ರಿಗುಡ್ಡೆ (ಮಂಗಳೂರು):

ಎಲ್ಲರಿಗೂ ನಮಸ್ಕಾರ. ವಿಮಾನದ ಮಾಡೆಲ್ ಕಟ್ಟಲು ಶುರು ಮಾಡಿ ಎರಡು ವರ್ಷ ಆಯ್ತು. ಇಷ್ಟು ದಿನ ಡಬ್ಬದಲ್ಲಿ ಬಂದದ್ದನ್ನು ಹಾಗೇ ಅಂಟಿಸಿ ಬಣ್ಣ ಹೊಡೆಯುತ್ತಿದ್ದೆ. ಈ ಸಲ ಸರಿಯಾಗಿ ಮಾಡಬೇಕು ಅಂತ ಆಸೆ. 1944ರಲ್ಲಿ ಇಂಫಾಲದಲ್ಲಿ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ ಹಾಕರ್ ಹರಿಕೇನ್ ಯುದ್ಧವಿಮಾನ ಹಾರಿಸಿತಲ್ಲ, ಆಗ ಅರ್ಜನ್ ಸಿಂಗ್ ಅದರ ಕಮಾಂಡರ್ ಆಗಿದ್ದರು. ಅದೇ ವಿಮಾನ ನನ್ನ ಕಪಾಟಿನಲ್ಲಿ ಇರಬೇಕು ಅಂತ 1/72ರ (ನಿಜದ 72ನೇ ಒಂದು ಭಾಗದಷ್ಟು) ಕಿಟ್ ತರಿಸಿದೆ, ಮಾರ್ಕ್ 2ಸಿ ಅನ್ನುವ ಆವೃತ್ತಿ.

ಈಗ ತೊಂದರೆ ಎಂತ ಅಂದರೆ, ಅಳತೆ ಕೂಡಿ ಬರ್ತಾ ಇಲ್ಲ. ನೆಟ್‌ನಲ್ಲಿ ಸಿಕ್ಕಿದ ಡ್ರಾಯಿಂಗ್ ಒಂದನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅದರ ಮೇಲೆ ಕಿಟ್ಟಿನ ರೆಕ್ಕೆ ಇಟ್ಟೆ. ಎರಡೂ ತುದಿ ಸೇರಿ ಹತ್ತಿರ ಹತ್ತಿರ 5 ಮಿ.ಮೀ. ಹೊರಗೆ ಬಂತು. ಮೈ ಮಾತ್ರ ಉಲ್ಟಾ. ನಿಜವಾದ ವಿಮಾನದ ಉದ್ದ 9.83 ಮೀಟರ್, 72ರಿಂದ ಭಾಗಿಸಿದರೆ 136.5 ಮಿ.ಮೀ. ಬರಬೇಕು. ಸ್ಕೇಲ್ ಇಟ್ಟರೆ 128! ಒಂದು ವಿಡಿಯೋದ ಕೆಳಗೆ ಯಾರೋ ಈ ಕಿಟ್ ಕಸ, ದುಡ್ಡು ದಂಡ ಅಂತ ಬರೆದಿದ್ದರು. ಅದನ್ನು ಓದಿದ ಮೇಲೆ ಕತ್ತರಿ ಹಾಕಲು ಕೈ ಏಳ್ತಾ ಇಲ್ಲ. ಒಂದು ಕಿಟ್ ಸರಿ ಉಂಟಾ ಇಲ್ವಾ ಅಂತ ನೀವೆಲ್ಲ ಹೇಗೆ ನೋಡ್ತೀರಿ?

ಮಲ್ಪೆ ಗಾಳಿ:

ಮೊದಲು ಆ ಪ್ರಿಂಟನ್ನು ಪಕ್ಕಕ್ಕೆ ಇಡಿ ಮಾರಾಯ್ರೆ. ಅಂಗಡಿಯ ಕಂಪ್ಯೂಟರ್‌ಗಳಲ್ಲಿ ಹಾಳೆಗೆ ಸರಿಹೊಂದಿಸು ಅನ್ನುವ ಆಯ್ಕೆ ಸಾಮಾನ್ಯವಾಗಿ ಆನ್ ಇರುತ್ತದೆ, ಅದು ಚಿತ್ರವನ್ನು ಯಾರಿಗೂ ಹೇಳದೆ ನೂರಕ್ಕೆ ಎರಡು ಮೂರರಷ್ಟು ಕುಗ್ಗಿಸಿ ಬಿಡುತ್ತದೆ. ಡ್ರಾಯಿಂಗ್‌ನ ಮೂಲೆಯಲ್ಲಿ ಮೀಟರ್ ಪಟ್ಟಿ ಇದ್ದರೆ ಅಳೆದು ನೋಡಿ. 1/72ರಲ್ಲಿ 5 ಮೀಟರ್ ಅಂದರೆ 69.4 ಮಿ.ಮೀ. ಇರಬೇಕು. ಅದು ಸರಿ ಇಲ್ಲ ಅಂದರೆ ಆ ಹಾಳೆಯ ಮೇಲೆ ಎಂತ ಇಟ್ಟರೂ ತಪ್ಪೇ ಕಾಣುವುದು.

ರೆಕ್ಕೆಗೆ ಡ್ರಾಯಿಂಗ್ ಬೇಡವೇ ಬೇಡ. ಹರಿಕೇನ್ ರೆಕ್ಕೆ ತುದಿಯಿಂದ ತುದಿಗೆ 40 ಅಡಿ, ಅಂದರೆ 12.19 ಮೀಟರ್. 72ರಲ್ಲಿ 169.3 ಮಿ.ಮೀ. ಗ್ರಾಫ್ ಹಾಳೆಯ ಮೇಲೆ ರೆಕ್ಕೆ ಇಟ್ಟು, ಎರಡೂ ತುದಿಗೆ ಮೂಲೆಮಟ್ಟ ತಾಗಿಸಿ, ಕೆಳಗೆ ಪೆನ್ಸಿಲ್ ಗುರುತು ಹಾಕಿ, ಆ ಎರಡು ಗುರುತುಗಳ ನಡುವೆ ಅಳೆಯಿರಿ. ಸ್ಕೇಲನ್ನು ರೆಕ್ಕೆಯ ಮೇಲೇ ಮಲಗಿಸಬೇಡಿ. ರೆಕ್ಕೆ ಹೊರಗೆ ಹೋಗ್ತಾ ಮೇಲಕ್ಕೆ ಏರುತ್ತದೆ, ಆ ಏರಿನ ಮೇಲೆ ಅಳೆದರೆ ಇಲ್ಲದ ಉದ್ದ ಬರುತ್ತದೆ. ಏರು ಜಾಸ್ತಿ ಇರುವ ಸ್ಪಿಟ್‌ಫೈರ್‌ನಲ್ಲಿ, ಅದೂ 1/48ರಲ್ಲಿ, ಹೀಗೆ ಅಳೆದರೆ ಒಂದು ಮಿ.ಮೀ.ಗೂ ಮಿಕ್ಕಿ ವ್ಯತ್ಯಾಸ ಬರುತ್ತದೆ.

ಮೈ 128 ಬಂದದ್ದು ಮೂತಿಯ ಸ್ಪಿನ್ನರ್ (ಪ್ರೊಪೆಲ್ಲರ್ ನಡುವಿನ ಚೂಪು ಟೋಪಿ) ಸೇರಿಸಿಯಾ, ಬಿಟ್ಟಾ? ಪುಸ್ತಕದ 9.83 ಮೀಟರ್ ಸ್ಪಿನ್ನರ್ ತುದಿಯಿಂದ ಬಾಲದ ಕೊನೆಯವರೆಗೆ. ಕಿಟ್‌ಗಳಲ್ಲಿ ಸ್ಪಿನ್ನರ್ ಬೇರೆ ತುಂಡು.

ಮಣಿಪಾಲ ಫಿಟರ್:

ತಮ್ಮಾ, ನಾನು ಏರ್‌ಫೋರ್ಸ್‌ನಲ್ಲಿ ಏರ್‌ಫ್ರೇಮ್ ಫಿಟರ್ ಆಗಿದ್ದವನು. ಹರಿಕೇನ್ ಕಾಲ ನನಗಿಂತ ಬಹಳ ಹಿಂದಿನದು, ಆದರೆ ದಿಲ್ಲಿಯ ಪಾಲಂ ಮ್ಯೂಸಿಯಂನಲ್ಲಿ ಒಂದು ಹರಿಕೇನ್ ಉಂಟು. ಅದರ ಎದುರು ನಿಂತು ತುಂಬಾ ಹೊತ್ತು ನೋಡಿದ್ದೇನೆ. ಮಿಲಿಮೀಟರ್ ಲೆಕ್ಕ ಬೇಕು, ಬೇಡ ಅಂತ ಹೇಳುವುದಿಲ್ಲ. ಆದರೆ 72ರಲ್ಲಿ ಒಂದು ಮಿ.ಮೀ. ಅಂದರೆ ನಿಜದಲ್ಲಿ 72 ಮಿ.ಮೀ., ಮೂರು ಇಂಚೂ ಇಲ್ಲ. ಇಡೀ ರೆಕ್ಕೆಯಲ್ಲಿ ಅಷ್ಟು ಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಒಂದು ಮಿ.ಮೀ. ಕಾಕ್‌ಪಿಟ್ ಗಾಜಿನ ಎತ್ತರದಲ್ಲಿ ತಪ್ಪಿತು ಅಂದರೆ ಮುಖವೇ ಬೇರೆ ಆಗುತ್ತದೆ. ಹಾಗಾಗಿ ಎಷ್ಟು ತಪ್ಪಿದೆ ಅಂತ ಕೇಳುವ ಮೊದಲು ಎಲ್ಲಿ ತಪ್ಪಿದೆ ಅಂತ ಕೇಳಬೇಕು.

ಹರಿಕೇನ್‌ನಲ್ಲಿ ನಾನು ಮೊದಲು ನೋಡುವುದು ಕಾಕ್‌ಪಿಟ್‌ನ ಹಿಂದಿನ ಮೈ. ಅಲ್ಲಿ ತಗಡು ಇಲ್ಲ. ಒಳಗೆ ಲೋಹದ ಕೊಳವೆಗಳ ಚೌಕಟ್ಟು, ಅದರ ಮೇಲೆ ಉದ್ದಕ್ಕೆ ಮರದ ಪಟ್ಟಿಗಳು, ಅದರ ಮೇಲೆ ಬಿಗಿಯಾಗಿ ಹೊದಿಸಿ ಡೋಪ್ ಅನ್ನುವ ವಾರ್ನಿಶ್ ಹಚ್ಚಿದ ಬಟ್ಟೆ. ಡೋಪ್ ಒಣಗಿದಾಗ ಬಟ್ಟೆ ಚೆಂಡೆಯ ಚರ್ಮದ ಹಾಗೆ ಬಿಗಿದುಕೊಳ್ಳುತ್ತದೆ. ಪಟ್ಟಿ ಇದ್ದಲ್ಲಿ ಸಣ್ಣ ಏಣು ಕಾಣುತ್ತದೆ, ನಡುವೆ ಬಹಳ ಸ್ವಲ್ಪವೇ ತಗ್ಗು. ಎಷ್ಟೋ ಕಿಟ್‌ಗಳಲ್ಲಿ ಆ ತಗ್ಗನ್ನು ಹೊಂಡದ ಹಾಗೆ ತೋಡಿರುತ್ತಾರೆ, ನೋಡಿದರೆ ಹಸಿದ ದನದ ಪಕ್ಕೆಲುಬು. ರಾತ್ರಿ ಲೈಟ್ ಆರಿಸಿ ಟಾರ್ಚನ್ನು ಮೈಯ ಪಕ್ಕಕ್ಕೆ ಹಿಡಿದು ಓರೆ ಬೆಳಕು ಬಿಡು, ನೆರಳು ಎಲ್ಲ ಹೇಳುತ್ತದೆ. ನೆರಳು ಕಪ್ಪಾಗಿ, ಅಂಚು ಕತ್ತರಿಸಿದ ಹಾಗೆ ಬಿದ್ದರೆ ತಗ್ಗು ಜಾಸ್ತಿ ಅಂತ ಅರ್ಥ. 600ರ ಸ್ಯಾಂಡ್ ಪೇಪರ್‌ನಲ್ಲಿ ನೀರು ಹಾಕಿ ಏಣನ್ನು ಮೆಲ್ಲಗೆ ತಿಕ್ಕಿದರೆ ಸರಿಯಾಗುತ್ತದೆ, ಕಿಟ್ ಬಿಸಾಡಬೇಕಾಗಿಲ್ಲ.

ಪ್ಯಾನೆಲ್ ಗೆರೆ, ಅಂದರೆ ತಗಡು ತಗಡು ಕೂಡುವ ಸಂದಿನ ಗೆರೆ, ಅದೂ ಹಾಗೇ. 0.2 ಮಿ.ಮೀ. ಗೆರೆ ತುಂಬಾ ಸಣ್ಣ ಅನಿಸುತ್ತದೆ ಅಲ್ವಾ? 72ರಿಂದ ಗುಣಿಸು. 14.4 ಮಿ.ಮೀ. ನನ್ನ ಕಿರುಬೆರಳು ಹೋಗುವಷ್ಟು ಸಂದು! ಅಂಥ ಸಂದು ಇರುವ ವಿಮಾನವನ್ನು ನಾವು ಹಾರಲು ಬಿಡುತ್ತಿರಲಿಲ್ಲ.

ಇನ್ನೊಂದು, ಮಾರ್ಕ್ 2ರ ಮೆರ್ಲಿನ್ 20 ಇಂಜಿನ್ ಉದ್ದ, ಅದಕ್ಕೆ ಮಾರ್ಕ್ 1ಕ್ಕಿಂತ ಮೂತಿ ನಾಲ್ಕು ಇಂಚು ಚಿಲ್ಲರೆ ಮುಂದೆ ಬಂದಿದೆ. ನಿನ್ನ ಮಾಡೆಲ್‌ನಲ್ಲಿ ಒಂದೂವರೆ ಮಿ.ಮೀ. ಹಳೆಯ ಅಚ್ಚಿನ ಮಾರ್ಕ್ 1 ಮೈಗೆ ನಾಲ್ಕು ಫಿರಂಗಿಯ ರೆಕ್ಕೆ ಸೇರಿಸಿ 2ಸಿ ಅಂತ ಮಾರಿದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಉಡುಪಿ ರಥಬೀದಿ:

ಫಿಟರ್ ಸರ್ ಹೇಳಿದ ಕೊನೆಯ ಮಾತೇ ನನಗೆ ಎಲ್ಲಕ್ಕಿಂತ ದೊಡ್ಡದು. ಅಳತೆ ಸ್ವಲ್ಪ ಆಚೀಚೆ ಆದರೆ ನಾನು ಸಹಿಸಿಕೊಳ್ಳುತ್ತೇನೆ, ಮಾರ್ಕ್ ಕಲಸುಮೇಲೋಗರ ಆದರೆ ಆಗುವುದೇ ಇಲ್ಲ. ಯಕ್ಷಗಾನದಲ್ಲಿ ತೆಂಕಿನ ವೇಷಕ್ಕೆ ಬಡಗಿನ ಮುಂಡಾಸು ಕಟ್ಟಿದ ಹಾಗೆ, ಆಟ ನೋಡಿ ಅಭ್ಯಾಸ ಇದ್ದವರಿಗೆ ಚೌಕಿಯ ಬಾಗಿಲಲ್ಲೇ ಗೊತ್ತಾಗುತ್ತದೆ. ಸ್ಪಿಟ್‌ಫೈರ್ ಮಾರ್ಕ್ 5ರ ಹೊಟ್ಟೆ ತಿರುಗಿಸಿ ನೋಡಿ. ಬಲ ರೆಕ್ಕೆಯ ಅಡಿಯಲ್ಲಿ ಚೌಕದ ರೇಡಿಯೇಟರ್, ಎಡಕ್ಕೆ ಸಣ್ಣ ದುಂಡನೆ ಆಯಿಲ್ ಕೂಲರ್, ಎರಡೂ ಬೇರೆ ಬೇರೆ. ಮಾರ್ಕ್ 9ಕ್ಕೆ ಬಂದರೆ ಎರಡೂ ಕಡೆ ಒಂದೇ ಥರ ದೊಡ್ಡ ಪೆಟ್ಟಿಗೆ. ಮಾರ್ಕ್ 14ರಲ್ಲಿ ಗ್ರಿಫನ್ ಇಂಜಿನ್, ಪ್ರೊಪೆಲ್ಲರ್‌ಗೆ ಐದು ಎಲೆ, ಅದು ಮೆರ್ಲಿನ್‌ಗೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಹಾಗಾಗಿ ಎಲೆಯ ಓರೆಯೂ ವಿರುದ್ಧ ಇರಬೇಕು.

ಪ್ಯಾನೆಲ್ ಗೆರೆಗೆ ಒಂದು ಮಾತು ಸೇರಿಸ್ತೇನೆ. ಅಮೆರಿಕದ ಮಸ್ಟಾಂಗ್ ಪಿ-51ಡಿ ವಿಮಾನದ ರೆಕ್ಕೆಯ ಮುಂಭಾಗವನ್ನು ಕಾರ್ಖಾನೆಯಲ್ಲೇ ಪುಟ್ಟಿ ತುಂಬಿ, ತಿಕ್ಕಿ, ಬಣ್ಣ ಬಳಿದು ನುಣ್ಣಗೆ ಮಾಡುತ್ತಿದ್ದರು. ಗಾಳಿ ಸಲೀಸಾಗಿ ಹರಿಯಲಿ ಅಂತ. ಅಲ್ಲಿ ಸಾಲು ಸಾಲು ರಿವೆಟ್ ಕೊರೆದ ಕಿಟ್ ನೋಡಿ ಜನ ಆಹಾ ಎಷ್ಟು ವಿವರ ಅಂತಾರೆ. ವಿವರ ಜಾಸ್ತಿ ಇದ್ದದ್ದೆಲ್ಲ ಸರಿ ಅಂತ ಅಲ್ಲ.

ಕದ್ರಿಗುಡ್ಡೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಎಲ್ಲ ಅಳೆದೆ. ಪ್ರಿಂಟ್‌ನ 5 ಮೀಟರ್ ಪಟ್ಟಿ 67.4 ಮಿ.ಮೀ. ಇದೆ! ಗ್ರಾಫ್ ಹಾಳೆಯಲ್ಲಿ ರೆಕ್ಕೆ 168.8 ಬಂತು, ಅಂದರೆ ಅರ್ಧ ಮಿ.ಮೀ. ಮಾತ್ರ ಕಮ್ಮಿ. ಸ್ಪಿನ್ನರ್ ನಾನು ಸೇರಿಸಿಯೇ ಇರಲಿಲ್ಲ. ಅಂಟುಟೇಪಿನಲ್ಲಿ ಕೂರಿಸಿ ಅಳೆದರೆ 136.3. ಕಿಟ್ ಸರಿಯಾಗಿಯೇ ಉಂಟು. ಟಾರ್ಚ್ ಬಿಟ್ಟು ನೋಡಿದಾಗ ಮಾತ್ರ ಫಿಟರ್ ಸರ್ ಹೇಳಿದ ಪಕ್ಕೆಲುಬು ಎದ್ದು ಕಂಡಿತು, ಎಡ ಭಾಗ ತಿಕ್ಕಲು ಶುರು ಮಾಡಿದ್ದೇನೆ.

ಇನ್ನೊಂದು ಪ್ರಶ್ನೆ. ಡಿಕಾಲ್‌ನಲ್ಲಿ (ಅಂಟಿಸುವ ಗುರುತುಗಳ ಹಾಳೆ) ಇರುವುದು ನಡುವೆ ಕೆಂಪು ಇರುವ ರೌಂಡಲ್, ಅಂದರೆ ವಾಯುಪಡೆಯ ದುಂಡು ಗುರುತು. ಮೂತಿಯ ಅಡಿಗೆ ಹಾಕಲು ಧೂಳಿನ ಫಿಲ್ಟರ್ ಕೂಡ ಕೊಟ್ಟಿದ್ದಾರೆ. ಹಾಕಬೇಕಾ?

ಮಣಿಪಾಲ ಫಿಟರ್:

ಕೆಂಪು ಹಾಕಲೇಬೇಡ. ಜಪಾನಿನ ವಿಮಾನದ ಗುರುತೇ ಕೆಂಪು ಸೂರ್ಯ. ದೂರದಿಂದ ನೋಡಿದವರು ನಮ್ಮದನ್ನು ಅವರದ್ದು ಅಂತ ಹೊಡೆದು ಬಿಡಬಾರದು ಅಂತ ಬರ್ಮಾ ಕಡೆಯ ವಿಮಾನಗಳಿಂದ ಕೆಂಪು ತೆಗೆದರು. ಹೊರಗೆ ಗಾಢ ನೀಲಿ, ಒಳಗೆ ತಿಳಿ ನೀಲಿ, ಗಾತ್ರವೂ ಸಣ್ಣದು. ಆ ಡಿಕಾಲ್ ಬೇರೆಯಾಗಿ ಸಿಗುತ್ತದೆ.

ಫಿಲ್ಟರ್‌ಗೆ ಒಂದೇ ಉತ್ತರ ಇಲ್ಲ. ನೀನು ಯಾವ ವಿಮಾನ ಮಾಡ್ತೀ, ಅದರ ಫೋಟೋ ಒಂದಾದರೂ ಹುಡುಕು. ಪಕ್ಕದಿಂದ ತೆಗೆದದ್ದಾದರೆ ಮೂತಿಯ ಅಡಿಯಲ್ಲಿ ಗಡ್ಡದ ಹಾಗೆ ಇಳಿದಿರುವುದು ಕಾಣುತ್ತದೆ. ಎದುರಿನಿಂದ, ಹತ್ತಿರ ನಿಂತು ತೆಗೆದ ಫೋಟೋದಿಂದ ಅಳತೆ ಮಾತ್ರ ತೆಗೆಯಬೇಡ, ಲೆನ್ಸ್ ಮೂತಿಯನ್ನು ದೊಡ್ಡ ಮಾಡಿ ಬಾಲವನ್ನು ಚಿಕ್ಕ ಮಾಡಿರುತ್ತದೆ. ಮ್ಯೂಸಿಯಂ ವಿಮಾನದ ಬಣ್ಣವನ್ನೂ ನಂಬಬೇಡ, ಅದು ಆಮೇಲೆ ಬಳಿದದ್ದಿರಬಹುದು.

ಮಲ್ಪೆ ಗಾಳಿ:

ರೆಕ್ಕೆ ಅಂಟಿಸಿದ ಮೇಲೆ ಒಣಗುವ ಮೊದಲು ಎದುರಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ನಮ್ಮಲ್ಲಿ ದೋಣಿ ಕಟ್ಟುವವರು ಹಲಗೆಯ ಅಂಚು ನೋಡುವುದೂ ಹಾಗೆಯೇ. ಹರಿಕೇನ್‌ನಲ್ಲಿ ನಡುವಿನ ರೆಕ್ಕೆ ಸಪಾಟು, ಚಕ್ರದ ಹೊರಗಿನ ಭಾಗ ಮಾತ್ರ ಏರುವುದು. ಎರಡೂ ಕಡೆ ಏರು ಒಂದೇ ಥರ ಇರಲಿ. ಮತ್ತೆ ಬಣ್ಣಕ್ಕೆ ಅವಸರ ಮಾಡಬೇಡಿ. ಈ ಮಳೆಯಲ್ಲಿ ಲ್ಯಾಕರ್ ಹೊಡೆದರೆ ಗಾಳಿಯ ತೇವ ಸೇರಿ ಬಿಳಿ ಮಂಜು ಕಟ್ಟುತ್ತದೆ. ಎರಡು ದಿನ ಬಿಸಿಲು ಬೀಳಲಿ. ಎಡ ಭಾಗ ತಿಕ್ಕಿ ಆದ ಮೇಲೆ ಟಾರ್ಚ್ ಬಿಟ್ಟು ಒಂದು ಫೋಟೋ ಹಾಕಿ, ನೋಡುವ.