ದಸರಾ ಗೊಂಬೆ ಫೋಟೋಗಳಿಗೆ ಸ್ಕ್ರ್ಯಾಪ್‌ಬುಕ್ ಪುಟ: ಡಿಸೈನ್ ಪೇಪರ್ ಎಲ್ಲಿ, ಎಷ್ಟು ಹಾಕಬೇಕು?

ಗೊಂಬೆತೊಟ್ಟಿ:

ನಮಸ್ಕಾರ. 12×12 ಇಂಚಿನ ಸ್ಕ್ರೂ ಆಲ್ಬಮ್‌ನಲ್ಲಿ ದಸರಾ ಗೊಂಬೆ ಹಬ್ಬಕ್ಕೆ ಎದುರುಬದುರು ಎರಡು ಪುಟ ಮಾಡಬೇಕು. ಪುಟಗಳನ್ನು ಪ್ಲಾಸ್ಟಿಕ್ ಕವರ್ ಒಳಗೆ ಸೇರಿಸುವ ಆಲ್ಬಮ್. ಫೋಟೋ ಒಟ್ಟು ಹತ್ತು: ಪಟ್ಟದ ಗೊಂಬೆಗಳದ್ದು ಒಂದು, ಉಳಿದ ಒಂಬತ್ತು ಬಿಡಿ ಗೊಂಬೆಗಳದ್ದು. ಹತ್ತನ್ನೂ ಇನ್ನು ಪ್ರಿಂಟ್ ಹಾಕಿಸಬೇಕು. ಕೈಯಲ್ಲಿರುವ ಪೇಪರ್ ಮೂರು ಬಗೆ. ಕಸೂತಿ ಆನೆ, ಗೋಪುರ, ತುಳಸಿಕಟ್ಟೆಯ ಸಣ್ಣ ಚಿತ್ತಾರದ ಕೆಂಪು ಹಾಳೆ, ದೊಡ್ಡ ಮಾವಿನಕಾಯಿ ಡಿಸೈನಿನ ಚಿನ್ನದ ಹೊಳಪಿನದು, ಹೂವಿನ ಎಸಳು ಸೇರಿಸಿದ ಹ್ಯಾಂಡ್‌ಮೇಡ್. ಮೂರನ್ನೂ ಹರಡಿ ಮೇಲೆ ಫೋಟೋ ಇಟ್ಟರೆ ಗೊಂಬೆಗಳೇ ಕಾಣುವುದಿಲ್ಲ. ಬಿಳಿ ಗೋಂದು ಹಚ್ಚಿ ಮಾಡಿದ ಮಾದರಿ ಪುಟ ಒಣಗಿದ ಮೇಲೆ ಹಪ್ಪಳದ ಹಾಗೆ ಸೊಟ್ಟಗಾಗಿದೆ. ವಿಜಯದಶಮಿಯ ಬನ್ನಿ ಎಲೆ, ಒಂದೆರಡು ಚೆಂಡುಹೂವು, ಸ್ವಲ್ಪ ಅರಿಶಿನ ಕುಂಕುಮವನ್ನೂ ಪುಟದಲ್ಲಿ ಇಡುವ ಆಸೆ. ಅಳತೆ ಸಮೇತ ಹೇಳಿದರೆ ಉಪಕಾರ.

ಕತ್ತರಿಕೆಲಸ:

ಪೇಪರ್‌ನಲ್ಲಿ ದೋಷವಿಲ್ಲ. ಗೊಂಬೆ ಕೂರಿಸಿದ ಫೋಟೋದಲ್ಲಿ ರೇಷ್ಮೆ ಬಟ್ಟೆ, ಹೂವು, ಸೀರಿಯಲ್ ಲೈಟು, ಚನ್ನಪಟ್ಟಣದ ಅರಗಿನ ಬಣ್ಣ ಎಲ್ಲವೂ ಆಗಲೇ ತುಂಬಿರುತ್ತವೆ. ಅದರ ಬೆನ್ನಿಗೆ ಇನ್ನೊಂದು ಚಿತ್ತಾರ ಬಂದರೆ ಕಣ್ಣಿಗೆ ನಿಲ್ಲಲು ಜಾಗ ಉಳಿಯುವುದಿಲ್ಲ. ಹಬ್ಬದ ಪುಟಕ್ಕೆ ಡಿಸೈನ್ ಪೇಪರನ್ನು ರೇಷ್ಮೆ ಸೀರೆಯ ಲೆಕ್ಕದಲ್ಲೇ ಬಳಸಬೇಕು: ಒಡಲು ಸಾದಾ, ಅಂಚಿಗೆ ಸಣ್ಣ ಚಿತ್ತಾರ, ಸೆರಗಿಗೆ ಮಾತ್ರ ದೊಡ್ಡದು.

ಹಾಗಾಗಿ ಎರಡೂ ಪುಟಕ್ಕೆ ತಳ ಕೆನೆ ಬಣ್ಣದ ಸಾದಾ ಕಾರ್ಡ್‌ಸ್ಟಾಕ್ ಇರಲಿ, 220 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ತೆಳ್ಳಗೆ ಬೇಡ. ಅಚ್ಚ ಬಿಳಿಯೂ ಬೇಡ. ಅದರ ಮುಂದೆ ದೀಪದ ಬೆಳಕಲ್ಲಿ ತೆಗೆದ ಫೋಟೋ ಹಳದಿ ತಿರುಗಿದಂತೆ ಕಾಣುತ್ತದೆ.

ಬಲಪುಟವನ್ನು ಗೊಂಬೆ ಹಂತಗಳ ಹಾಗೆಯೇ ಕಟ್ಟಿ. ಹಂತಗಳು ಬೆಸ ಸಂಖ್ಯೆಯಲ್ಲಿ ಇರಬೇಕಲ್ಲ, ಇಲ್ಲಿ ಮೂರು. ಕಸೂತಿ ಹಾಳೆಯಿಂದ 12 ಇಂಚು ಉದ್ದ, 1 ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ. ಒಂದು ಪಟ್ಟಿ ಪುಟದ ಕೆಳ ಅಂಚಿಗೆ, ಎರಡನೆಯದರ ಕೆಳ ಅಂಚು ತಳದಿಂದ 3.5 ಇಂಚಿಗೆ, ಮೂರನೆಯದರದ್ದು 7 ಇಂಚಿಗೆ. ಪ್ರತಿ ಪಟ್ಟಿಯ ಮೇಲೆ 2.5 ಇಂಚು ಎತ್ತರದ ಜಾಗ ಸಿಗುತ್ತದೆ, ಮೇಲೆ ತಲೆಬರಹಕ್ಕೆ 1.5 ಇಂಚು ಉಳಿಯುತ್ತದೆ. 3 ಇಂಚು ಅಗಲದ ಮೂರು ಫೋಟೋ ಕೂರಿಸಿದರೆ ನಡುವೆ, ಎರಡು ಬದಿಗೆ ಸೇರಿ ಮುಕ್ಕಾಲಿಂಚಿನ ನಾಲ್ಕು ಸಂದು ಬರುತ್ತವೆ. ಒಂಬತ್ತು ಫೋಟೋಗೆ ಸರಿಯಾಗಿ ಹೊಂದುತ್ತದೆ. ಎತ್ತರದ ಗೊಂಬೆಯಾದರೆ ಫೋಟೋದ ಅಗಲವನ್ನು 2 ಇಂಚಿಗೆ ಇಳಿಸಿ, ಎತ್ತರ ಮಾತ್ರ ಬದಲಿಸಬೇಡಿ. ಎತ್ತರ ಒಂದೇ ಇದ್ದರೇನೇ ಅದು ಸಾಲು.

ಪ್ರಿಂಟ್ ಹಾಕಿಸುವಾಗ ಒಂದು 4×6 ಹಾಳೆಯಲ್ಲಿ ಎರಡೆರಡು ಚಿತ್ರ ಜೋಡಿಸಿ ಕೊಡಿ, ಐದು ಪ್ರಿಂಟ್‌ನಲ್ಲಿ ಮುಗಿಯುತ್ತದೆ. ಪೂರ್ತಿ 4×6 ಹಾಕಿಸಿ ಆಮೇಲೆ ಕತ್ತರಿಸಲು ಹೋದರೆ ಗೊಂಬೆಯ ಕಿರೀಟವೋ ಪಾದವೋ ಹೋಗುತ್ತದೆ. ಪೀಠದ ಕೆಳಗೆ 3 ಮಿ.ಮೀ. ಹೆಚ್ಚುವರಿ ಬಿಡಿ, ಅಂದರೆ ಕತ್ತರಿಸುವ ಎತ್ತರ 2.5 ಇಂಚು ಮತ್ತು 3 ಮಿ.ಮೀ. ಆ ಅಂಚನ್ನು ಪಟ್ಟಿಯ ಹಿಂದೆ ತೂರಿಸಿದರೆ ಗೊಂಬೆ ಹಂತದ ಮೇಲೆ ನಿಂತ ಹಾಗೇ ಕಾಣುತ್ತದೆ. ಇಲ್ಲವಾದರೆ ಗಾಳಿಯಲ್ಲಿ ತೇಲಿದಂತಿರುತ್ತದೆ.

ಎಡಪುಟ ಪಟ್ಟದ ಗೊಂಬೆಗಳಿಗೆ. ರಕ್ತಚಂದನದ ಗೊಂಬೆಗಳಾದರೆ ಮುಖ ಗಾಢ ಬಣ್ಣದ್ದು, ಸಣ್ಣ ಪ್ರಿಂಟ್‌ನಲ್ಲಿ ಕಣ್ಣು ಮೂಗು ಕಾಣುವುದಿಲ್ಲ. 6×8 ಹಾಕಿಸಿ. ಅದರ ಹಿಂದೆ 6.25×8.25 ಅಳತೆಯ ಸಾದಾ ಮರೂನ್ ಕಾರ್ಡ್. ಪುಟದ ಹೊರ ಅಂಚಿಗೆ, ಅಂದರೆ ಎಡಬದಿಗೆ, ಮಾವಿನಕಾಯಿ ಹಾಳೆಯ 3 ಇಂಚು ಅಗಲದ ನಿಲುವು ಪಟ್ಟಿ. ಇದೇ ಸೆರಗು. ಉಳಿದ 9 ಇಂಚಿನ ನಡುವೆ ಫೋಟೋ ಕೂರಿಸಿ, ಮೇಲೆ 1 ಇಂಚು ಬಿಡಿ. ಕೆಳ ಅಂಚಿಗೆ ಮತ್ತೆ 9×1 ಇಂಚಿನ ಕಸೂತಿ ಪಟ್ಟಿ, ಬಲಪುಟದ ಕೆಳಗಿನ ಹಂತಕ್ಕೆ ಸಮನಾಗಿ. ಆಗ ಎರಡು ಪುಟ ಒಂದೇ ಆಗಿ ಓಡುತ್ತದೆ. ಫೋಟೋ ಮತ್ತು ಪಟ್ಟಿಯ ನಡುವೆ ಉಳಿಯುವ 1.75 ಇಂಚಿನಲ್ಲಿ ಗೊಂಬೆ ಯಾರದು, ಯಾವ ಊರಿನದು, ಯಾವ ವರ್ಷದ ಹಬ್ಬ ಅಂತ ಬರೆಯಿರಿ. ಇದನ್ನು ದಯವಿಟ್ಟು ಬಿಡಬೇಡಿ. ಮುಂದೆ ಆಲ್ಬಮ್ ತೆರೆಯುವವರಿಗೆ ಬೇಕಾಗುವುದು ಅದೇ.

ಎಸಳಿನ ಹ್ಯಾಂಡ್‌ಮೇಡ್ ಈ ಪುಟಗಳಿಗೆ ಬೇಡ. ಕಸೂತಿ ಹಾಳೆ ಕತ್ತರಿಸುವ ಮುಂಚೆ ಹಿಂಬದಿಗೆ ಪೆನ್ಸಿಲ್‌ನಲ್ಲಿ ಮೇಲ್ಮುಖ ಬಾಣ ಹಾಕಿಕೊಳ್ಳಿ. ಅಡ್ಡ ಕತ್ತರಿಸಿಬಿಟ್ಟರೆ ಆನೆಗಳು ಗೋಡೆ ಹತ್ತುತ್ತಿರುತ್ತವೆ.

ರಟ್ಟುಕಾಗದ:

ಸೊಟ್ಟಗಾಗುವ ವಿಷಯ ನಾನು ಹೇಳುತ್ತೇನೆ. ಬಿಳಿ ಗೋಂದಿನಲ್ಲಿರುವ ನೀರು ಕುಡಿದಾಗ ಕಾಗದದ ನಾರು ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಇಲ್ಲ. ತೆಳು ಹಾಳೆ ಉಬ್ಬಿದ ಸ್ಥಿತಿಯಲ್ಲಿ ದಪ್ಪ ಹಾಳೆಗೆ ಅಂಟಿ, ಒಣಗುವಾಗ ಕುಗ್ಗಿ ತಳವನ್ನು ತನ್ನ ಕಡೆಗೆ ಎಳೆಯುತ್ತದೆ. ಎರಡು ಹಾಳೆಯ ನಾರು ಅಡ್ಡಡ್ಡ ಬಿದ್ದಿದ್ದರೆ ಇನ್ನೂ ಕೆಟ್ಟದಾಗಿ.

ನಾರಿನ ದಿಕ್ಕು ತಿಳಿಯಲು ಹಾಳೆಯನ್ನು ಮಡಚದೆ ಸುಮ್ಮನೆ ಬಾಗಿಸಿ, ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಬಾಗಿನ ಗೆರೆಗೆ ಸಮಾನಾಂತರವಾಗಿ ನಾರು ಇದೆ. ದೊಡ್ಡ ತುಂಡು ಅಂಟಿಸುವಾಗ ತಳದ ನಾರು, ಮೇಲಿನ ನಾರು ಒಂದೇ ದಿಕ್ಕಿಗೆ ಇರಲಿ. ಕೈಯಲ್ಲಿ ಎತ್ತಿದ ಹ್ಯಾಂಡ್‌ಮೇಡ್ ಕಾಗದಕ್ಕೆ ಈ ತಾಪತ್ರಯ ಬಹುತೇಕ ಇಲ್ಲ, ಅದರಲ್ಲಿ ನಾರು ಎಲ್ಲ ದಿಕ್ಕಿಗೂ ಚೆಲ್ಲಿರುತ್ತದೆ.

ನಿಮ್ಮ 1 ಇಂಚಿನ ಪಟ್ಟಿಗಳಿಗೆ ಗೋಂದೇ ಬೇಡ. 6 ಮಿ.ಮೀ. ಅಗಲದ ಆಸಿಡ್-ಫ್ರೀ (ಕಾಗದವನ್ನು ಹಳದಿಯಾಗಿಸದ) ಡಬಲ್ ಟೇಪ್ ಸಾಕು. ಕೆಳ ಅಂಚಿಗೆ ಉದ್ದಕ್ಕೂ ಒಂದು, ಎರಡು ತುದಿಗೆ ಅಡ್ಡ ಒಂದೊಂದು. ಮೇಲಿನ ಅಂಚು ತೆರೆದಿರಲಿ, ಫೋಟೋದ ಬುಡ ಅದರೊಳಗೆ ಕೂರುತ್ತದೆ. ಫೋಟೋದ ಮೇಲಿನ ಎರಡು ಮೂಲೆಗೆ ಕಾಗದದ ಫೋಟೋ ಕಾರ್ನರ್ (ಮೂಲೆ ಸಿಕ್ಕಿಸುವ ಚಿಕ್ಕ ಜೇಬು) ಹಾಕಿ. ಹೀಗೆ ಮಾಡಿದರೆ ಫೋಟೋಗೆ ಅಂಟು ತಾಗುವುದೇ ಇಲ್ಲ, ನಾಳೆ ಸ್ಕ್ಯಾನ್ ಮಾಡಬೇಕೆಂದರೆ ಹೊರತೆಗೆಯಬಹುದು.

3 ಇಂಚಿನ ಸೆರಗಿಗೆ ಗೋಂದೇ ಹಾಕುವುದಾದರೆ ಬ್ರಷ್‌ನಲ್ಲಿ ತೆಳ್ಳಗೆ ಎಳೆದು, ಬಟರ್ ಪೇಪರ್ ನಡುವೆ ಇಟ್ಟು, ರಾತ್ರಿಯಿಡೀ ಭಾರದ ಪುಸ್ತಕಗಳ ಅಡಿಯಲ್ಲಿ ಬಿಡಿ. ಆದರೂ ಬಾಗಿದರೆ ಹಿಂಬದಿಗೂ ಅದೇ ಅಳತೆಯ ಕಾಗದ ಅಂಟಿಸಿ. ಎರಡೂ ಕಡೆ ಎಳೆತ ಸಮವಾದರೆ ಪುಟ ನೆಟ್ಟಗಾಗುತ್ತದೆ. ಬೈಂಡಿಂಗ್‌ನಲ್ಲಿ ರಟ್ಟಿಗೆ ಮಾಡುವುದೂ ಇದನ್ನೇ.

ಕತ್ತರಿಸಲು ಸ್ಟೀಲ್ ಸ್ಕೇಲು, ಹೊಸ ಬ್ಲೇಡು. ಒಂದೇ ಸಲ ಒತ್ತಿ ಎಳೆಯದೆ ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ಮೊಂಡು ಬ್ಲೇಡು ಚಿನ್ನದ ಲೇಪನವನ್ನು ಕತ್ತರಿಸುವುದಿಲ್ಲ, ಕಿತ್ತು ಬಿಳಿ ಅಂಚು ಬಿಡುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ಕಡೆ ಹ್ಯಾಂಡ್‌ಮೇಡ್ ಹಾಳೆ ಕೊಳ್ಳುವುದಾದರೆ ಅಳತೆ ಸಾಮಾನ್ಯವಾಗಿ 22×30 ಇಂಚು ಇರುತ್ತದೆ. ಒಂದರಲ್ಲಿ 12×12 ಎರಡೇ ಬರುವುದು. ಬದಿಗೆ ಉಳಿಯುವ 10 ಇಂಚಿನ ತುಂಡನ್ನು ಎಸೆಯಬೇಡಿ, ಪಟ್ಟಿಗಳಿಗೆ ಆಗುತ್ತದೆ.

ಗೊಂಬೆತೊಟ್ಟಿ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಇನ್ನೊಂದು ಸಂದೇಹ. ಮುಂದಿನ ಪುಟಕ್ಕೆ ರಾತ್ರಿ ದೀಪ ಹಚ್ಚಿದ ಅರಮನೆಯ ಫೋಟೋ ಇದೆ. ಉಳಿಯುವ ಚಿನ್ನದ ಹಾಳೆಯನ್ನು ಪೂರ್ತಿ ಅದರ ಹಿಂದೆ ಹಾಕಿದರೆ ಚೆನ್ನಾಗಿರುತ್ತದಾ? ಬನ್ನಿ ಎಲೆ, ಹೂವು, ಕುಂಕುಮದ ಬಗ್ಗೆಯೂ ಹೇಳಿ.

ಬಣ್ಣದಪೆಟ್ಟಿಗೆ:

ಅರಮನೆಯ ಹಿಂದೆ ಚಿನ್ನ ಬೇಡವೇ ಬೇಡ. ಆ ಫೋಟೋದ ಸೊಗಸೆಲ್ಲ ಕಪ್ಪು ಆಕಾಶದ ಎದುರು ಉರಿಯುವ ಸುಮಾರು ಒಂದು ಲಕ್ಷ ಬಲ್ಬುಗಳಲ್ಲಿದೆ. ಪ್ರಿಂಟ್‌ನಲ್ಲಿ ಆ ಬೆಳಕು ಬರೀ ಹಳದಿ ಶಾಯಿ. ಪಕ್ಕದಲ್ಲಿ ನಿಜವಾಗಿ ಹೊಳೆಯುವ ಕಾಗದ ಇಟ್ಟರೆ ಬಲ್ಬು ಮಂಕಾಗುತ್ತವೆ. ಗಾಢ ನೀಲಿ ಇಲ್ಲವೇ ಕಪ್ಪು ಕಾರ್ಡ್ ತಳಕ್ಕೆ ಹಾಕಿ, ಫೋಟೋ ಸುತ್ತ 3 ಮಿ.ಮೀ. ಕೆನೆ ಬಣ್ಣದ ಅಂಚು ಬಿಡಿ. ಚಿನ್ನ ಬೇಕೇಬೇಕು ಎಂದರೆ ಫೋಟೋದಿಂದ ದೂರ, ಪುಟದ ಕೆಳ ತುದಿಗೆ ಕಾಲಿಂಚಿನ ಒಂದೇ ಗೆರೆ. ಹೊಳಪಿನ ಹಾಳೆಯ ಮೇಲೆ ಜೆಲ್ ಪೆನ್ನಿನ ಬರಹ ಒಣಗದೆ ಒರೆಸಿಹೋಗುತ್ತದೆ. ಬರೆಯುವುದನ್ನು ಸಾದಾ ಕಾಗದದಲ್ಲಿ ಪಿಗ್ಮೆಂಟ್ ಶಾಯಿಯ (ಬೇಗ ಮಾಸದ ಶಾಯಿ) ಪೆನ್ನಿನಿಂದ ಬರೆದು ಅಂಟಿಸಿ.

ಬನ್ನಿ ಎಲೆಯ ಕಡ್ಡಿಯನ್ನು ನ್ಯೂಸ್‌ಪೇಪರ್ ನಡುವೆ ಭಾರ ಹೇರಿ ಎರಡು ಮೂರು ವಾರ ಒಣಗಿಸಿ, ಮೊದಲ ವಾರ ದಿನಾ ಪೇಪರ್ ಬದಲಿಸಿ. ಒಣಗಿದ ಮೇಲೆ ಸಣ್ಣ ಎಲೆಗಳು ಉದುರುತ್ತವೆ, ಹಾಗಾಗಿ ಪುಟಕ್ಕೆ ನೇರವಾಗಿ ಅಂಟಿಸದೆ ಬಟರ್ ಪೇಪರಿನ ಚಿಕ್ಕ ಲಕೋಟೆಯಲ್ಲಿಡಿ. ಚೆಂಡುಹೂವು ಇಡಿಯಾಗಿ ಒಣಗುವುದಿಲ್ಲ, ಬುಡದ ತೊಟ್ಟಿನಲ್ಲಿ ಪಸೆ ಉಳಿದು ಪ್ಲಾಸ್ಟಿಕ್ ಕವರ್ ಒಳಗೆ ಬೂಷ್ಟು ಹಿಡಿಯುತ್ತದೆ. ಎಸಳುಗಳನ್ನು ಬಿಡಿಸಿ ಒಂದೊಂದಾಗಿ ಒಣಗಿಸಿ, ಅದೇ ಲಕೋಟೆಗೆ ಸೇರಿಸಿ. ಹ್ಯಾಂಡ್‌ಮೇಡ್ ಹಾಳೆಯಲ್ಲಿರುವ ಎಸಳುಗಳೂ ಕಾಲಕ್ರಮೇಣ ಕಂದು ಕಲೆ ಬಿಡಬಹುದು, ಫೋಟೋಗೆ ತಾಗದಂತೆ ನೋಡಿಕೊಳ್ಳಿ.

ಅರಿಶಿನ ಕುಂಕುಮದ ಪುಡಿ ಆಲ್ಬಮ್ ಒಳಗೆ ಬೇಡ. ಪುಟ ತಿರುವಿದಾಗೆಲ್ಲ ಜರುಗಿ ಎದುರಿನ ಫೋಟೋಗೂ ಹತ್ತುತ್ತದೆ. ಅರಿಶಿನದ ಬಣ್ಣ ಬೆಳಕಿಗೆ ಮಾಸುತ್ತದೆ, ಕಲೆ ಮಾತ್ರ ಪೂರ್ತಿ ಹೋಗುವುದಿಲ್ಲ. ಆ ಎರಡು ಬಣ್ಣದ ಕಾರ್ಡ್‌ನಲ್ಲಿ ಅರ್ಧ ಇಂಚಿನ ಬಟ್ಟು ಕತ್ತರಿಸಿ ತಲೆಬರಹದ ಪಕ್ಕ ಇಡಿ. ಎತ್ತರ ಬೇಕೆಂದು ಫೋಮ್ ಟೇಪ್ ಹಾಕುವುದಾದರೆ 1 ಮಿ.ಮೀ. ದಪ್ಪದ್ದು ಸಾಕು. ಎದುರುಬದುರು ಪುಟಗಳಲ್ಲಿ ಒಂದೇ ಜಾಗಕ್ಕೆ ಫೋಮ್ ಬಂದರೆ ಆಲ್ಬಮ್ ಹೊಟ್ಟೆ ಉಬ್ಬಿ ಮುಚ್ಚುವುದಿಲ್ಲ.

ಕವರ್ ಯಾವ ಪ್ಲಾಸ್ಟಿಕ್ಕಿನದು ಅಂತ ಒಮ್ಮೆ ಮೂಸಿ ನೋಡಿ. ಹೊಸ ರೈನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ ಇರುವ ಸಂಭವ ಹೆಚ್ಚು. ಸೆಕೆ ಹೆಚ್ಚಿದಾಗ ಫೋಟೋದ ಮೈಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಬಣ್ಣ ಕಿತ್ತು ಬರುತ್ತದೆ. ಪಾಲಿಪ್ರೊಪಿಲೀನ್ ಅಂತ ಬರೆದಿರುವ ಕವರ್ ತೆಗೆದುಕೊಳ್ಳಿ.

ಕತ್ತರಿಕೆಲಸ:

ಒಂದು ಸೇರ್ಪಡೆ. ಏನನ್ನೂ ಅಂಟಿಸುವ ಮುಂಚೆ ಎರಡೂ ಪುಟ ಜೋಡಿಸಿ, ಮೊಬೈಲ್‌ನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪಿಗೆ ಬದಲಿಸಿ ನೋಡಿ. ಪಟ್ಟಿಯ ಬೂದು ಬಣ್ಣ, ಗೊಂಬೆಗಳ ಬೂದು ಬಣ್ಣ ಒಂದರಲ್ಲೊಂದು ಬೆರೆತರೆ ಕೆಂಪು ಕಸೂತಿಯ ಬದಲು ಇನ್ನೂ ಗಾಢವಾದದ್ದು ಬೇಕು ಅಂತ ಅರ್ಥ. ಬಣ್ಣದಲ್ಲಿ ನೋಡುವಾಗ ಇದು ಗೊತ್ತಾಗುವುದಿಲ್ಲ.